ನಾನೇ ಕಟ್ಟಿಕೊಂಡ ಪುಟ

ನಾನು ಹುಟ್ಟಾ ಪುಕ್ಕಲಿ. ಹಲ್ಲಿ ಬಿದ್ದರೆ ಹೆದರುತ್ತೇನೆ, ಗೊತ್ತಿಲ್ಲದ ನಂಬರಿನಿಂದ ಫೋನ್ ಬಂದರೆ ಹೆದರುತ್ತೇನೆ, ಎಲ್ಲ ಸರಿಯಾಗಿ ನಡೆಯುತ್ತಿದ್ದರೆ ಇದೇನಪ್ಪಾ ಹೀಗೆ ಎಂದು ಇನ್ನೂ ಹೆಚ್ಚು ಹೆದರುತ್ತೇನೆ. ಲ್ಯಾಪ್‌ಟಾಪಿನಲ್ಲಿ ಆ ಪುಟವನ್ನು ನಾನು ಕಟ್ಟಿದ್ದು ಶಿಸ್ತಿನಿಂದ ಎಂದು ಗೆಳತಿಯೊಬ್ಬಳು ಹೊಗಳಿದಾಗ ನಗು ಬಂತು. ಶಿಸ್ತೂ ಇಲ್ಲ, ಮಣ್ಣೂ ಇಲ್ಲ. ಕಟ್ಟಿದ್ದು ಭಯದಿಂದ.

ಮದುವೆಗೆ ಮುಂಚೆ ಮುದ್ದೇನಹಳ್ಳಿ ಕಡೆಯ ಒಂದು ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದೆ. ಮದುವೆಯಾಗಿ ಬಂದದ್ದು ಶಿಡ್ಲಘಟ್ಟಕ್ಕೂ ಚಿಂತಾಮಣಿಗೂ ನಡುವಿನ ಒಂದು ಹಳ್ಳಿಗೆ. ಇಲ್ಲಿ ರೇಷ್ಮೆ ಹುಳುವೇ ಮನೆಯ ಯಜಮಾನ. ಗಂಡ ಗೌರಿಬಿದನೂರಿನ ಹತ್ತಿರ ಕುಡುಮಲಕುಂಟೆಯಲ್ಲಿ ಕಾರ್ಖಾನೆ ಕೆಲಸದಲ್ಲಿದ್ದಾನೆ, ವಾರಕ್ಕೊಮ್ಮೆ ಬರುತ್ತಾನೆ. ಉಳಿದ ದಿನ ಹಿಪ್ಪುನೇರಳೆ ತೋಟ, ಹುಳುಮನೆ, ಸ್ಕೂಲಿಗೆ ಹೋಗುವ ಮಗಳು ಎಲ್ಲವೂ ಅತ್ತೆಯ ಮತ್ತು ನನ್ನ ಪಾಲು.

ಪಾಠ ಹೇಳುವ ಚಟ ಮಾತ್ರ ಬಿಡಲಿಲ್ಲ. ಹಳ್ಳಿ ಮಕ್ಕಳು ಮೊಬೈಲಿನಲ್ಲೇ ಆಡುತ್ತಾ ಕಲಿಯುವಂಥ ವಿಜ್ಞಾನದ ಪುಟಗಳನ್ನು ಕನ್ನಡದಲ್ಲಿ ಮಾಡಬೇಕೆಂದು ಹೊರಟೆ. ಮೊದಲನೆಯದು ನೆರಳಿನ ಪಾಠ. ಮಗು ಬೆರಳಿನಿಂದ ಸೂರ್ಯನನ್ನು ಎಳೆದರೆ ತೆಂಗಿನ ಮರದ ನೆರಳು ಉದ್ದವಾಗಬೇಕು, ಗಿಡ್ಡವಾಗಬೇಕು. ಅಷ್ಟೇ. ಅಷ್ಟೇ ಆದರೂ ಆಗುತ್ತಿರಲಿಲ್ಲ. ಲ್ಯಾಪ್‌ಟಾಪ್ ತೆರೆದರೆ ಮೊದಲು ಸುದ್ದಿ, ಸುದ್ದಿಯ ಕೆಳಗೆ ಸೀರೆ, ಸೀರೆಯ ಪಕ್ಕದಲ್ಲಿ ಯಾರದೋ ಗೃಹಪ್ರವೇಶದ ವಿಡಿಯೊ. ಅವರ ಮನೆಯ ಅಡುಗೆಕೋಣೆಯ ಟೈಲ್ಸ್ ನೋಡಿ ಮುಗಿಸುವಷ್ಟರಲ್ಲಿ ಹುಳುವಿಗೆ ಸೊಪ್ಪು ಹಾಕುವ ಹೊತ್ತು ಬಂದಿರುತ್ತಿತ್ತು. ನನ್ನ ಸೂರ್ಯ ತೆಂಗಿನ ಮರದ ನೆತ್ತಿಯ ಮೇಲೆ ಒಂದು ವರ್ಷದಿಂದ ಅಲ್ಲಾಡದೆ ನಿಂತಿದ್ದ. ಒಂದು ದಿನ ಅವನನ್ನು ನೋಡುತ್ತಿದ್ದ ಹಾಗೆ ಹೆದರಿಕೆ ಹುಟ್ಟಿತು. ಇದು ಹೀಗೇ ಉಳಿದುಬಿಡುತ್ತದೆ, ನಾನೂ ಹೀಗೇ ಮುದುಕಿಯಾಗುತ್ತೇನೆ ಅನ್ನಿಸಿತು.

ಬ್ರೌಸರ್ ತೆರೆದ ಕೂಡಲೇ ಬರುವ ಮೊದಲ ಪುಟವನ್ನೇ ಬದಲಾಯಿಸಿದರೆ ಹೇಗೆ ಎಂಬ ಯೋಚನೆ ಆಗ ಬಂದದ್ದು. ನಾನೇ ಕೋಡ್ ಬರೆದೆ. ಸುದ್ದಿ ಇಲ್ಲ, ಚಿತ್ರ ಇಲ್ಲ, ಹುಡುಕುವ ಜಾಗವೂ ಇಲ್ಲ. ಬೂದಿ ಬಣ್ಣದ ಪುಟದ ನಡುವೆ ದಪ್ಪ ಅಕ್ಷರದಲ್ಲಿ ಒಂದೇ ಪ್ರಶ್ನೆ: ‘ಈಗ ಏನು ಮಾಡ್ತೀಯಾ?’ ಅದಕ್ಕೆ ಉತ್ತರ ಟೈಪ್ ಮಾಡಿದರೆ ಮಾತ್ರ ನನ್ನ ಪಾಠದ ಕಡತ ತೆರೆಯುತ್ತದೆ. ಕೆಳಗೆ ಒಂದು ಹಸಿರು ಪಟ್ಟಿ. ನಾನು ಕೆಲಸದಲ್ಲಿ ಇದ್ದಷ್ಟು ಹೊತ್ತು ಅದು ಮೆಲ್ಲಗೆ ಬೆಳೆಯುತ್ತದೆ, ತುಂಬಿದರೆ ಅವತ್ತಿನ ಪಾಲು ಮುಗಿದ ಹಾಗೆ. ಬೇರೆ ಕಡೆ ಹೋದೆನೋ, ಎದ್ದೆನೋ, ಸೊನ್ನೆಗೆ ಬೀಳುತ್ತದೆ. ಹಾಗೆ ಬರೆದವಳು ನಾನೇ. ನನ್ನ ಮೇಲೆ ನನಗೆ ನಂಬಿಕೆ ಇರಲಿಲ್ಲ.

ಮೊದಲ ವಾರ ಆ ಪಟ್ಟಿ ಬಿದ್ದುಬಿಡುತ್ತದೆಂಬ ಹೆದರಿಕೆಯಲ್ಲಿ ನೀರು ಕುಡಿಯಲೂ ಏಳಲಿಲ್ಲ. ಮಗಳು ವ್ಯಾನು ಹತ್ತಿದ ಮೇಲೆ ಫೋನನ್ನು ಸೈಲೆಂಟ್ ಮಾಡಿ ಅಡುಗೆಮನೆಯ ರಾಗಿ ಹಿಟ್ಟಿನ ಡಬ್ಬದ ಮೇಲಿಟ್ಟು ಬಂದು ಕೂರುತ್ತಿದ್ದೆ. ಒಂದು ದಿನ ಪಟ್ಟಿ ಇನ್ನೇನು ತುಂಬಬೇಕು, ಅತ್ತೆ ಬಾಗಿಲಿಗೆ ಬಂದು ಬೆಂಕಿಪೊಟ್ಟಣ ಎಲ್ಲಿ ಎಂದು ಕೇಳಿದರು. ನಾನು ತಿರುಗಿದೆ, ಕೈ ತಗುಲಿ ಪುಟ ಬದಲಾಯಿತು, ಪಟ್ಟಿ ಬಿತ್ತು. ಏನೇನು ಕೂಗಾಡಿದೆನೋ ಎಲ್ಲ ನೆನಪಿಲ್ಲ. ನಾನು ಇಲ್ಲಿ ಕೂತಾಗ ನಾನು ಮನೆಯಲ್ಲಿಲ್ಲ ಅಂದುಕೊಳ್ಳಿ ಎಂದದ್ದು ನೆನಪಿದೆ. ಅವರು ಬೆಂಕಿಪೊಟ್ಟಣ ಇಲ್ಲದೆಯೇ ಹಿಂದಿರುಗಿದರು.

ಆಮೇಲೆ ಯಾರೂ ಕರೆಯಲಿಲ್ಲ. ಮನೆಯಲ್ಲಿ ಪಾತ್ರೆಯ ಸದ್ದು ಕೂಡ ಕಡಿಮೆಯಾಯಿತು. ಸೂರ್ಯ ಪೂರ್ವದಿಂದ ಪಶ್ಚಿಮಕ್ಕೆ ಅಲ್ಲಾಡತೊಡಗಿದ. ಎಲ್ಲ ನನ್ನ ಪುಟದ ಮಹಿಮೆ ಎಂದು ಬೀಗಿದೆ.

ನಮ್ಮ ತೋಟದ ಬೇಲಿಯ ಆಚೆ ದ್ರಾಕ್ಷಿ ತೋಟವಿದೆ. ದ್ರಾಕ್ಷಿಗೆ ಔಷಧಿ ಹೊಡೆಯದೆ ಆಗುವುದಿಲ್ಲ, ಆ ಔಷಧಿ ಗಾಳಿಯಲ್ಲಿ ತೇಲಿ ನಮ್ಮ ಸೊಪ್ಪಿನ ಮೇಲೆ ಕೂತರೆ ಹುಳು ಬದುಕುವುದಿಲ್ಲ. ಹಾಗಾಗಿ ನಮ್ಮ ಕಡೆ ಒಂದು ನಡವಳಿಕೆ ಇದೆ. ಔಷಧಿ ಹೊಡೆಯುವ ಮುಂಚೆ ದ್ರಾಕ್ಷಿಯವರು ಹುಳು ಸಾಕುವವರಿಗೆ ಹೇಳಿಯೇ ಹೇಳುತ್ತಾರೆ. ಜಗಳವಾಡಿ ಮಾತು ಬಿಟ್ಟವರು ಕೂಡ ಇದೊಂದನ್ನು ತಪ್ಪಿಸುವುದಿಲ್ಲ. ಹೇಳಿದ ಮೇಲೆ ಹತ್ತು ಹದಿನೈದು ದಿನ ಆ ಪಕ್ಕದ ಸೊಪ್ಪನ್ನು ನಾವು ಮುಟ್ಟುವುದಿಲ್ಲ. ಅತ್ತೆಗೆ ಫೋನ್ ಅಂದರೆ ಆಗದು, ಆದ್ದರಿಂದ ದ್ರಾಕ್ಷಿ ತೋಟದ ಅಣ್ಣನ ಹತ್ತಿರ ಇದ್ದದ್ದು ನನ್ನ ನಂಬರ್.

ಆ ಸಲ ಹುಳು ನಾಲ್ಕನೇ ಜ್ವರ ಎದ್ದು ಐದು ದಿನವಾಗಿತ್ತು. ಜ್ವರ ಅಂದರೆ ಕಾಯಿಲೆಯಲ್ಲ, ಹುಳು ತಿನ್ನುವುದು ಬಿಟ್ಟು ಮಲಗಿ ಪೊರೆ ಕಳಚುವ ಹೊತ್ತು. ನಾಲ್ಕನೆಯದು ಕಳೆದ ಮೇಲೆ ಅದಕ್ಕೆ ರಾಕ್ಷಸ ಹಸಿವು. ಇನ್ನೆರಡು ಮೂರು ದಿನ ತಿಂದರೆ ಹಣ್ಣಾಗಿ, ಅಂದರೆ ಬಲಿತು, ಗೂಡು ಕಟ್ಟಲು ಶುರುಮಾಡುತ್ತದೆ. ಆ ಹಂತದಲ್ಲಿ ಕೈ ತಪ್ಪಿದರೆ ಒಂದು ತಿಂಗಳ ಜೀವ ಸವೆಸಿದ್ದೆಲ್ಲ ಹೋದ ಹಾಗೆ.

ಬೆಳಗಿನ ಸೊಪ್ಪು ಹಾಕಿ, ಮಗಳನ್ನು ಕಳಿಸಿ, ನಾನು ಕೂತೆ. ನೆರಳಿನ ತುದಿ ಮಧ್ಯಾಹ್ನದ ಹತ್ತಿರ ಒಮ್ಮೆಲೇ ಕುಪ್ಪಳಿಸುತ್ತಿತ್ತು, ಅದನ್ನು ಸರಿಮಾಡಬೇಕಿತ್ತು. ಸರಿಮಾಡಿದೆ. ಪಟ್ಟಿ ತುಂಬಿತು. ಖುಷಿಯಾಗಿ ಎದ್ದು, ಕಾಫಿಗೆ ಹಾಲಿಟ್ಟು, ಡಬ್ಬದ ಮೇಲಿಂದ ಫೋನ್ ತೆಗೆದೆ. ದ್ರಾಕ್ಷಿ ಅಣ್ಣ ಮತ್ತೆ ಮತ್ತೆ ಕರೆ ಮಾಡಿದ್ದ. ಕೊನೆಗೆ ಮಾತಿನಲ್ಲೇ ಒಂದು ಮೆಸೇಜು ಬಿಟ್ಟಿದ್ದ: "ಅಮ್ಮಾ, ಇವತ್ತು ಔಷಧಿ ಹೊಡೀತಾ ಇದೀವಿ. ಗಾಳಿ ನಿಮ್ಮ ಕಡೇಕೇ ಐತೆ. ಬೇಲಿ ಪಕ್ಕದ ಸೊಪ್ಪು ಮುಟ್ಟಬ್ಯಾಡಿ."

ಬೇಲಿ ಪಕ್ಕದ ಸೊಪ್ಪನ್ನೇ ಇವತ್ತು ಕೊಯ್ಯುತ್ತೇನೆ ಎಂದು ಹಿಂದಿನ ರಾತ್ರಿ ಊಟದ ಹೊತ್ತಿಗೆ ಅತ್ತೆ ಹೇಳಿದ್ದರು.

ಒಲೆ ಆರಿಸಿದೆನೋ ಇಲ್ಲವೋ ಗೊತ್ತಿಲ್ಲ. ಚಪ್ಪಲಿಯಿಲ್ಲದೆ ಓಡಿದೆ. ಹುಳುವಿಗೆ ರೋಗ ತಗಲದಿರಲೆಂದು ಹುಳುಮನೆಯ ಬಾಗಿಲಲ್ಲಿ ಸುಣ್ಣದ ಪುಡಿ ತುಳಿದೇ ಒಳಗೆ ಹೋಗಬೇಕು, ಅದನ್ನೂ ದಾಟಿಕೊಂಡು ನುಗ್ಗಿದೆ. ಎಡಗಡೆಯ ರ್ಯಾಕಿನ ಮೂರು ಅಂತಸ್ತಿಗೂ ಸೊಪ್ಪಿನ ಕಡ್ಡಿ ಹರಡಿ ಆಗಿತ್ತು. ಅತ್ತೆ ಬಲಗಡೆಯ ರ್ಯಾಕಿನ ಮುಂದೆ ಒಂದು ಹಿಡಿ ಸೊಪ್ಪು ಹಿಡಿದುಕೊಂಡು ಸುಮ್ಮನೆ ನಿಂತಿದ್ದರು.

"ಅತ್ತೆ, ಹಾಕಬ್ಯಾಡಿ! ಹಾಕಬ್ಯಾಡಿ!"

ಅವರು ಆ ಹಿಡಿ ಸೊಪ್ಪನ್ನು ನನ್ನ ಮುಂದೆ ಚಾಚಿದರು. "ವಾಸನೆ ಐತಾ, ನೋಡಮ್ಮ."

ಮೂಗಿನ ಹತ್ತಿರ ಹಿಡಿದ ಕೂಡಲೇ ತಲೆಗೆ ಹತ್ತಿತು. ಔಷಧಿಯ ಡಬ್ಬಿಯನ್ನೇ ತೆರೆದ ಹಾಗೆ. ಅತ್ತೆಗೆ ಕೊರೊನಾ ಬಂದು ಹೋದಾಗಿನಿಂದ ಮೂಗು ಸರಿಯಾಗಿ ಕೆಲಸ ಮಾಡುವುದಿಲ್ಲ, ಒಗ್ಗರಣೆ ಸೀದರೂ ತಿಳಿಯುವುದಿಲ್ಲ. ನಾನು ಬಾಯಿ ಬಿಟ್ಟು ಹೇಳಬೇಕಾಗಲಿಲ್ಲ. ನನ್ನ ಮುಖ ನೋಡಿಯೇ ಅವರು "ಅಯ್ಯೋ ದೇವುಡಾ" ಎಂದು ಕುಸಿದರು, ಮರುಕ್ಷಣವೇ ಎದ್ದರು.

ಇಬ್ಬರೂ ಸೊಪ್ಪು ಎತ್ತತೊಡಗಿದೆವು. ಎತ್ತುವುದು ಸುಲಭವಲ್ಲ. ಹುಳುಗಳು ಎಲೆಗೆ ಗಟ್ಟಿಯಾಗಿ ಅಂಟಿಕೊಂಡು ತಿನ್ನುತ್ತಿದ್ದವು, ಸರಸರ ಸದ್ದು ಕೇಳುತ್ತಿತ್ತು. ಬೇರೆ ದಿನ ಆ ಸದ್ದು ಕೇಳಿದರೆ ಹೊಟ್ಟೆ ತಣ್ಣಗಾಗುತ್ತದೆ. ಅವತ್ತು ಕಿವಿ ಮುಚ್ಚಿಕೊಳ್ಳಬೇಕು ಅನ್ನಿಸಿತು. ಒಂದೊಂದನ್ನೇ ಬಿಡಿಸಿದೆವು, ಹುಳು ಕೈಯಿಂದ ಜಾರಿ ಬೀಳುತ್ತಿತ್ತು. ತೋಟದ ಆ ತುದಿಗೆ ಓಡಿ ಬೇರೆ ಸೊಪ್ಪು ತಂದು ಮೂಸಿ ನೋಡಿದೆ. ಮತ್ತೆ ಮೂಸಿದೆ. ಆಮೇಲೆ ನನ್ನ ಮೂಗನ್ನೇ ನಂಬಲಾಗಲಿಲ್ಲ, ಎಲ್ಲ ಎಲೆಯಲ್ಲೂ ಔಷಧಿಯ ವಾಸನೆ ಬರುತ್ತಿತ್ತು.

ಇನ್ನು ಮಾಡಲು ಏನೂ ಉಳಿದಿರಲಿಲ್ಲ. ಕಾಯುವುದು ಅಷ್ಟೇ. ಹುಳುಮನೆಯ ನೆಲದ ಮೇಲೆ ಕೂತು ಎಡಗಡೆಯ ರ್ಯಾಕನ್ನೇ ನೋಡುತ್ತಿದ್ದೆ. ಯಾವುದಾದರೂ ಹುಳು ತಲೆ ಎತ್ತಿದರೆ ಬಗ್ಗಿ ನೋಡುತ್ತಿದ್ದೆ. ಹುಳು ಸುಮ್ಮನೆಯೂ ತಲೆ ಎತ್ತುತ್ತದೆ, ಇಷ್ಟು ವರ್ಷದಲ್ಲಿ ಸಾವಿರ ಸಲ ನೋಡಿದ್ದೇನೆ. ಇದು ಸುಮ್ಮನೆ ಎತ್ತಿದ್ದೋ, ವಿಷಕ್ಕೆ ಎತ್ತಿದ್ದೋ? ಅತ್ತೆಯನ್ನು ಕೇಳಲೂ ಹೆದರಿಕೆ.

ಅಷ್ಟರಲ್ಲಿ ದ್ರಾಕ್ಷಿ ಅಣ್ಣ ಬಂದ. ಔಷಧಿ ಹೊಡೆದ ಬಟ್ಟೆಯಲ್ಲಿ ಇದ್ದದ್ದರಿಂದ ಹುಳುಮನೆಯ ಹತ್ತಿರ ಬರದೆ ದೂರದ ಬೇವಿನ ಮರದ ಕೆಳಗೇ ನಿಂತ. "ನೇನು ಫೋನ್ ಚೇಸಿನಾನು ಕದಮ್ಮಾ" ಎಂದ ತನ್ನ ತೆಲುಗಿನಲ್ಲಿ, ನಾನು ಫೋನ್ ಮಾಡಿದ್ದೆನಲ್ಲಮ್ಮ ಎಂದು. ಜಗಳದ ದನಿಯಲ್ಲ, ಅಳುವ ದನಿ. ಅತ್ತೆ ಕೊಯ್ಯಲು ಬರುವ ಹೊತ್ತಿಗೆ ಅವರು ಬೇಲಿಯ ಬದಿ ಮುಗಿಸಿ ತಮ್ಮ ತೋಟದ ಆ ತುದಿಗೆ ಹೋಗಿಬಿಟ್ಟಿದ್ದರಂತೆ. ನಿನ್ನದೇನೂ ತಪ್ಪಿಲ್ಲ ಅಣ್ಣ ಎಂದೆ. ಅವನು ಆದರೂ ಹೋಗಲಿಲ್ಲ, ತುಂಬ ಹೊತ್ತು ಅಲ್ಲೇ ನಿಂತಿದ್ದ.

ಬಿಸಿಲು ಏರಿದ ಮೇಲೆ ಶುರುವಾಯಿತು. ಕೆಳಗಿನ ಅಂತಸ್ತಿನಲ್ಲಿ ಒಂದು ಹುಳು ತಲೆಯನ್ನು ಅತ್ತಿತ್ತ ತೂಗಿತು. ಬಾಯಿಂದ ಹಸಿರು ನೀರು ಬಂತು. ಆಮೇಲೆ ಅದರ ಪಕ್ಕದ್ದು. ಆಮೇಲೆ ಎಲ್ಲಿ ನೋಡಿದರೂ. ಸೊಪ್ಪಿನ ಹಾಸಿಗೆ ಬಿಟ್ಟು ಹೊರಗೆ ಹರಿದವು, ಸುರುಟಿಕೊಂಡವು, ಗಿಡ್ಡಗಾದವು. ನಾನು ಮುಟ್ಟಿದರೆ ಸರಿಯಾಗುತ್ತವೇನೋ ಎಂಬಂತೆ ಒಂದೊಂದನ್ನೂ ಬೆರಳಿನಿಂದ ನೇರ ಮಾಡುತ್ತಿದ್ದೆ. ಅತ್ತೆ ನನ್ನ ಕೈ ಹಿಡಿದು ಬಿಡಿಸಿದರು.

ಬಲಗಡೆಯ ರ್ಯಾಕ್ ಉಳಿಯಿತು. ಆ ವಿಷ ಅದಕ್ಕೆ ತಾಕಿರಲಿಲ್ಲ. ಆದರೂ ಎರಡು ದಿನ, ಅವು ಹಣ್ಣಾಗಿ ಹೊಳೆದು, ಗೂಡು ಕಟ್ಟಲು ಚಂದ್ರಿಕೆಯ ಬಿದಿರಿನ ಸುತ್ತುಗಳಿಗೆ ಹತ್ತುವವರೆಗೆ, ನನಗೆ ಅನ್ನ ಇಳಿಯಲಿಲ್ಲ.

ಸತ್ತವನ್ನು ಅವತ್ತು ಸಂಜೆಯೇ ಬುಟ್ಟಿಯಲ್ಲಿ ಹೊತ್ತುಕೊಂಡು ಹೋಗಿ ಗುಂಡಿಗೆ ಸುರಿದೆವು. ಅತ್ತೆ ಮೇಲೆ ಸುಣ್ಣ ಚೆಲ್ಲಿ ಮಣ್ಣೆಳೆದರು. ಅಷ್ಟು ಹೊತ್ತಾದರೂ ಅವರು ನನ್ನನ್ನು ಒಂದು ಮಾತು ಬೈದಿರಲಿಲ್ಲ. ಅವರ ಬಾಯಿ ನನಗೆ ಗೊತ್ತು. ಈ ಮನೆಗೆ ಬಂದ ಹೊಸದರಲ್ಲಿ ಅನ್ನ ಒಂದಿಷ್ಟು ಮುದ್ದೆಯಾದರೆ ಬೀದಿಗೆ ಕೇಳುವ ಹಾಗೆ ಬೈಯುತ್ತಿದ್ದರು. ಅವರ ಕಾಲುಂಗುರದ ಸದ್ದು ಕೇಳಿದರೆ ನಾನು ಕೈಯಲ್ಲಿದ್ದ ಪಾತ್ರೆ ಬಿಡುತ್ತಿದ್ದೆ. ಈಗ ಆ ಬೈಗುಳವಾದರೂ ಬಿದ್ದರೆ ಸ್ವಲ್ಪ ಉಸಿರಾಡಬಹುದು ಅನ್ನಿಸಿತು.

"ಬೈಯಿರಿ ಅತ್ತೆ. ಫೋನ್ ನೋಡಲಿಲ್ಲ ನಾನು. ಲ್ಯಾಪ್‌ಟಾಪ್ ಮುಂದೆ ಕೂತಿದ್ದೆ."

ಅವರು ಗುದ್ದಲಿಯನ್ನು ನೆಲಕ್ಕೆ ಊರಿ ನಿಂತರು. ನನ್ನನ್ನು ನೋಡಲಿಲ್ಲ.

"ನನಗೆ ಅನುಮಾನ ಬಂತು ಕಣಮ್ಮ," ಎಂದರು. "ಸೊಪ್ಪು ಮುಟ್ಟಿದ್ರೆ ಕೈಗೆ ಜಿಡ್ಡು ಹತ್ತಿದಂಗಿತ್ತು. ನಿನ್ನ ಕೈಲಿ ಮೂಸಿ ನೋಡ್ಸಣ ಅಂತ ಒಂದು ಹಿಡಿ ತಗೊಂಡು ಬಂದೆ. ಬಾಗ್ಲ ಹತ್ರ ನಿಂತ್ಕೊಂಡೆ."

"ಯಾವಾಗ?"

"ಹಾಕೋಕೆ ಮುಂಚೆ."

"ಕರೀಬಾರ್ದಾ ಅತ್ತೆ?"

"ಕರೆಯಣ ಅಂತಾನೇ ನಿಂತಿದ್ದೆ. ನೀನು ತಿರುಗ್ತೀಯೇನೋ ಅಂತ ನೋಡ್ದೆ. ಆಮೇಲೆ ಹೊರಟೋದೆ." ಸೆರಗಿನಿಂದ ಮುಖ ಒರೆಸಿಕೊಂಡರು. "ಬೈತೀಯ ಅಂತ ಭಯ ಆಯ್ತು."

ಬೆಳಿಗ್ಗೆಯಿಂದ ಹೆದರಿ ಹೆದರಿ ನನ್ನಲ್ಲಿ ಇನ್ನು ಹೆದರಿಕೆ ಉಳಿದಿಲ್ಲ ಅಂದುಕೊಂಡಿದ್ದೆ. ಆ ಮಾತು ಕೇಳಿ ಮತ್ತೆ ಹೆದರಿದೆ. ಅವರ ಹೆಗಲು ಮುಟ್ಟಲು ಕೈ ಎತ್ತಿದೆ. ಅವರು ಬೆಚ್ಚಿ ಒಂದು ಹೆಜ್ಜೆ ಹಿಂದೆ ಸರಿದರು.