ಒಂದು ಗಂಟಲಿಗೆ ಎಷ್ಟು ಕೋರು?

ಕಂಪ್ಯೂಟರ್ ಅಂಗಡಿಯವನು ಕಾಲು ಗಂಟೆಯಿಂದ ಒಂದೇ ರಾಗ ಎಳೆಯುತ್ತಿದ್ದ. ಆರು ಕೋರಿನ ಪ್ರೊಸೆಸರ್ ಬೇಕೋ, ಎಂಟು ಕೋರಿನದೋ? ಎದುರಿಗೆ ನಿಂತಿದ್ದ ಅರವತ್ತೆರಡರ ಹೆಂಗಸು ಕನ್ನಡಕವನ್ನು ಹಣೆಗೇರಿಸಿಕೊಂಡು, ಅವನ ತಲೆಯ ಮೇಲಿನ ಹಲಗೆಯಲ್ಲಿ ಓಡುತ್ತಿದ್ದ ಕಂಪ್ಯೂಟರೊಂದಕ್ಕೆ ಕಿವಿಗೊಟ್ಟಿದ್ದಳು.

"ಮನೇಲಿ ರೆಕಾರ್ಡಿಂಗ್ ಮಾಡ್ಬೇಕು ಅಂದ್ರಲ್ಲಮ್ಮ, ಎಂಟು ಕೋರಿಂದೇ ತಗೊಳ್ಳಿ. ಎಷ್ಟು ವಾದ್ಯ ಸೇರಿಸಿದ್ರೂ ಸುಸ್ತಾಗಲ್ಲ."

"ವಾದ್ಯ ಇಲ್ಲಪ್ಪ. ನಮ್ಮ ಹತ್ರ ಇರೋದು ಒಂದೇ ಗಂಟಲು. ಗುಬ್ಬಿ ಮೇಲೆ ಬ್ರಹ್ಮಾಸ್ತ್ರ ಯಾಕೆ? ಅದಿರ್ಲಿ, ಅಲ್ಲಿ ಗುಂಯ್ ಅಂತಿರೋದು ಏನು?"

"ಅದು ಫ್ಯಾನು. ಪ್ರೊಸೆಸರ್ ಬಿಸಿ ಆಗತ್ತೆ, ತಣ್ಣಗೆ ಮಾಡ್ಬೇಕಲ್ಲ."

"ಬಿಸಿ ಆಗದೇ ಇರೋದು ಇಲ್ವಾ?"

ಅಂಗಡಿಯವನು ಮೂಗು ಮುರಿದ. ಫ್ಯಾನಿಲ್ಲದ್ದೂ ಇತ್ತು. ಅಂಗೈಯಗಲದ ಒಂದು ಪೆಟ್ಟಿಗೆ, ಒಳಗೊಂದು ಬಡಪಾಯಿ ಪ್ರೊಸೆಸರ್. "ಇದು ಆಮೆ ಅಮ್ಮ. ರೆಕಾರ್ಡ್ ಮಾಡ್ತಾ ಇರುವಾಗ ಇನ್ನೊಂದು ಕೆಲಸ ಹೇಳಿದ್ರೆ ಮುನಿಸ್ಕೊಳತ್ತೆ. ಆಮೇಲೆ ನನ್ನನ್ನ ಬೈಬೇಡಿ. ವೇಗದ್ದು ತಗೊಂಡು ಪಕ್ಕದ ಕೋಣೇಲಿ ಇಟ್ಕೊಳ್ಳಿ."

"ಪಕ್ಕದ ಕೋಣೆ ಅಂದ್ರೆ ಅಡುಗೆಮನೆ. ಅಲ್ಲಿ ನಮ್ಮ ಭಾವ ಇರ್ತಾರೆ. ಅವರ ಪಾತ್ರೆ ಸದ್ದಿಗಿಂತ ನಿನ್ನ ಫ್ಯಾನೇ ವಾಸಿ. ಆಮೇನೇ ಕೊಡು."

ಅವಳು ಹಟಮಾರಿ, ನಿಜ. ಆದರೆ ಸದ್ದಿನ ವಿಷಯದಲ್ಲಿ ಅವಳಿಗೆ ಪಾಠ ಹೇಳಲು ಹೋದವನು ಪೆದ್ದ. ಮೂವತ್ತು ವರ್ಷ ಅವಳು ಒಂದು ಧ್ವನಿಮುದ್ರಣ ಕೇಂದ್ರದಲ್ಲಿ ಟೇಪು ಕತ್ತರಿಸಿದವಳು. ಅಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದದ್ದು ಕತ್ತರಿ ಎಂದು. ಕೈಯಲ್ಲಿ ಹಿಡಿಯುತ್ತಿದ್ದದ್ದು ಬ್ಲೇಡು, ಆದರೆ ಬ್ಲೇಡು ಎಂದರೆ ತಲೆ ಕೊರೆಯುವವಳು ಎಂದಾಗುತ್ತದಲ್ಲ, ಅದಕ್ಕೆ ಕತ್ತರಿ. ಓದುವವರು ಕೆಮ್ಮಿದರೆ, ತೊದಲಿದರೆ, ನಡುವೆ ಹಾಳುಹರಟೆ ಹೊಡೆದರೆ, ಆ ತುಂಡು ಟೇಪು ಓರೆಯಾಗಿ ಕತ್ತರಿಸಿಕೊಂಡು ಬುಟ್ಟಿಗೆ ಬೀಳುತ್ತಿತ್ತು. ಸಂಜೆ ಬುಟ್ಟಿ ಖಾಲಿ. ಅಂದಿನ ಕಸ ಅಂದೇ ಆಚೆ, ಅದು ಅವಳ ಶಿಸ್ತು. ಕೆಮ್ಮನ್ನು ಕತ್ತರಿಸಬಹುದು, ಗುಂಯ್‌ಗುಡುವಿಕೆಯನ್ನು ಕತ್ತರಿಸಲಾಗದು ಎಂದು ಅವಳು ಕಲಿತದ್ದೂ ಅಲ್ಲೇ. ಅದು ಹಾಲಿಗೆ ಬೆರೆತ ನೀರು.

ಈಗ ರೆಕಾರ್ಡ್ ಆಗಬೇಕಿದ್ದ ಒಂದೇ ಗಂಟಲು ಅವಳ ಅಕ್ಕನದು. ಅದರಲ್ಲಿ ಗಡ್ಡೆ ಬೆಳೆದಿತ್ತು. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಉಳಿದದ್ದು ಹನ್ನೆರಡು ದಿನ. ಅಷ್ಟರಲ್ಲಿ ಬೇಕಾದ ಮಾತುಗಳನ್ನೆಲ್ಲ ಅಕ್ಕನ ದನಿಯಲ್ಲೇ ರೆಕಾರ್ಡ್ ಮಾಡಿಟ್ಟುಕೊಂಡರೆ, ಆಮೇಲೆ ಒಂದು ಟ್ಯಾಬ್ಲೆಟ್ಟಿನಲ್ಲಿ ಗುಂಡಿ ಒತ್ತಿ ಮಾತಾಡಬಹುದು ಎಂದು ಆಸ್ಪತ್ರೆಯಲ್ಲಿ ಇನ್ನೂರು ಪದಗಳ ಪಟ್ಟಿ ಕೊಟ್ಟಿದ್ದರು. ನೀರು, ನೋವು, ದಿಂಬು, ಬಾಗಿಲು, ಬನ್ನಿ, ಬೇಡ, ಸಾಕು.

ಪಟ್ಟಿ ನೋಡಿ ಅಕ್ಕ ನಕ್ಕಿದ್ದಳು. "ಇಷ್ಟೇನಾ? ಇದು ನಮಗೆ ಹಳೇ ಕಸುಬು ಕಣೇ."

ಹಳೆಯ ಕಸುಬೇ. ಅಕ್ಕ ಆಗ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿದ್ದಳು. ಅಂಕಿಗಳನ್ನು ಅವಳಷ್ಟು ಸ್ಪಷ್ಟವಾಗಿ ಹೇಳುವವರು ಸುತ್ತಮುತ್ತ ಯಾರೂ ಇರಲಿಲ್ಲ. ರೈಲ್ವೆ ಸ್ಟೇಷನ್ನಿನ ಪ್ರಕಟಣೆಗೆ ದನಿ ಬೇಕೆಂದಾಗ ಕತ್ತರಿ ಅಕ್ಕನನ್ನು ಎಳೆದುಕೊಂಡು ಬಂದಳು. ಗಾಜಿನ ಆಚೆ ಅಕ್ಕ, ಈಚೆ ತಂಗಿ. ಪ್ರತಿ ಅಂಕಿಯನ್ನೂ ಮೂರು ಧಾಟಿಯಲ್ಲಿ ಹೇಳಬೇಕು. ಸಾಲಿನ ಮೊದಲಿಗೆ ಬರುವ ನಾಲ್ಕಕ್ಕೆ ದನಿ ಏರಬೇಕು, ನಡುವಿನ ನಾಲ್ಕು ಮಟ್ಟಸ, ಕೊನೆಯ ನಾಲ್ಕಕ್ಕೆ ಇಳಿಯಬೇಕು. ತುಂಡು ಟೇಪುಗಳು ಗೋಡೆಯ ಮೊಳೆಗಳಿಗೆ ಸಾಲಾಗಿ ತೂಗುತ್ತಿದ್ದವು, ಒಂದೊಂದರ ಕೆಳಗೂ ಪೆನ್ಸಿಲ್ಲಿನಲ್ಲಿ ಬರೆದ ಚೀಟಿ. ಫ್ಯಾನು ಹಾಕುವಂತಿಲ್ಲ, ಬೆವರು ಒರೆಸಿಕೊಂಡರೆ ಬಳೆ ಸದ್ದು. ಎಂಥ ಬಿಸಿಲಿನ ದಿನಗಳು, ಎಷ್ಟು ನಗು! ಅಕ್ಕನಿಗೆ 'ಏಳು' ಎಂದಾಗಲೆಲ್ಲ ಗಂಡನನ್ನು ಹಾಸಿಗೆಯಿಂದ ಎಬ್ಬಿಸುವ ನೆನಪು ಬಂದು ನಗು ತಡೆಯುತ್ತಿರಲಿಲ್ಲ. ಆ ನಗುವೆಲ್ಲ ಬುಟ್ಟಿಗೆ ಹೋಯಿತು.

ಇಪ್ಪತ್ತೆರಡು ವರ್ಷ ಆ ದನಿ ಸ್ಟೇಷನ್ನಿನಲ್ಲಿ ಮೊಳಗಿತು. ಭಾವ ಬೇಸರವಾದಾಗೆಲ್ಲ ಪ್ಲಾಟ್‌ಫಾರಂ ಟಿಕೆಟ್ ಕೊಂಡು ಬೆಂಚಿನ ಮೇಲೆ ಕೂತು ಕೇಳಿ ಬರುತ್ತಿದ್ದರು. "ಊರಿನವರಿಗೆಲ್ಲ 'ಪ್ರಯಾಣಿಕರು ದಯವಿಟ್ಟು ಗಮನಿಸಿ' ಅಂತಾಳೆ. ಕಟ್ಕೊಂಡವನಿಗೆ ಮಾತ್ರ 'ರೀ'. ಅಷ್ಟೇ ನನ್ನ ಪಾಲಿಗೆ ಬಂದಿದ್ದು" ಎಂದು ಎಲ್ಲರೆದುರು ದೂರುತ್ತಿದ್ದರು. ದೂರುವಾಗ ಅವರ ಮುಖ ನೋಡಬೇಕಿತ್ತು, ಲಾಟರಿ ಹೊಡೆದವರ ಹಾಗೆ.

ಆಮೆ ಮನೆಗೆ ಬಂತು. ಕಿಟಕಿಗೆ ಕಂಬಳಿ ಬಿಗಿದು, ಅಕ್ಕನನ್ನು ಮೈಕಿನ ಮುಂದೆ ಕೂರಿಸಿದ್ದಾಯಿತು. ಬೆಳಿಗ್ಗೆ ಒಂದು ಗಂಟೆ ಮಾತ್ರ ಅಕ್ಕನ ಗಂಟಲು ತೆರೆದಿರುತ್ತಿತ್ತು, ಆಮೇಲೆ ದನಿ ಒಡೆಯುತ್ತಿತ್ತು. ಮೊದಲ ದಿನವೇ ಕತ್ತರಿ ತನ್ನ ಚಟದಂತೆ ರೆಕಾರ್ಡ್ ನಡೆಯುತ್ತಿರುವಾಗಲೇ ಕೆಮ್ಮು ಕತ್ತರಿಸಲು ಹೋದಳು. ಆಮೆ ಮುನಿಸಿಕೊಂಡಿತು. ಅಕ್ಕನ 'ದಿಂಬಿ'ನ ಮಧ್ಯೆ ಟಿಕ್ ಟಿಕ್ ಎಂದು ದನಿ ಹರಿಯಿತು. ಅಂಗಡಿಯವನು ಸುಳ್ಳು ಹೇಳಿರಲಿಲ್ಲ. ಸರಿ, ಇಡೀ ಬೆಳಗನ್ನು ಹಾಗೇ ಓಡಲು ಬಿಡುವುದು, ಕತ್ತರಿಸುವುದು ಆಮೇಲೆ ಎಂದು ಅವಳು ಹಲ್ಲು ಕಚ್ಚಿಕೊಂಡಳು.

ಸದ್ದಿಲ್ಲದ ಯಂತ್ರ, ಸದ್ದಿರುವ ಮನೆ. ಅಕ್ಕ 'ನೋವು' ಎಂದು ಮೂರನೇ ಧಾಟಿ ಹಿಡಿದಿರುವಾಗ ಅಡುಗೆಮನೆಯಲ್ಲಿ ಹಾಲು ಉಕ್ಕುವ ವಾಸನೆ. "ರೀ, ಹಾಲು!" ಇನ್ನೊಂದು ದಿನ ಬಾಗಿಲು ತಟ್ಟಿದ ಸದ್ದು. "ರೀ, ಯಾರೋ ಬಂದ್ರು ನೋಡಿ."

"ಅಕ್ಕಾ, ರೆಕಾರ್ಡ್ ಆಗ್ತಿದೆ! ಈ ರೀ ರೀ ಬಿಟ್ಟು ಪಟ್ಟೀಲಿರೋದು ಹೇಳೇ" ಎಂದು ಕತ್ತರಿ ಹಣೆ ಚಚ್ಚಿಕೊಳ್ಳುತ್ತಿದ್ದಳು.

ಹನ್ನೊಂದನೆಯ ಬೆಳಿಗ್ಗೆ ಕೊನೆಯ ಪದವೂ ಮುಗಿಯಿತು. ಕತ್ತರಿಗೆ ಅಳು ಒತ್ತರಿಸಿ ಬಂತು. ಹೆಡ್‌ಫೋನ್ ಕಳಚಿಟ್ಟು ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡಳು. ವಾಪಸು ಬಂದು ಯಂತ್ರ ನಿಲ್ಲಿಸಿದಳು.

ಆಪರೇಷನ್ ಚೆನ್ನಾಗಿಯೇ ಆಯಿತು. ಆಸ್ಪತ್ರೆಯ ಓಡಾಟದ ನಡುವೆ ಕತ್ತರಿ ಇನ್ನೂರು ಪದಗಳನ್ನೂ ಹೆಕ್ಕಿ ತೆಗೆದು ಟ್ಯಾಬ್ಲೆಟ್ಟಿಗೆ ತುಂಬಿದಳು. ಒಂದು ಕೆಮ್ಮಿಲ್ಲ, ಒಂದು ಉಸಿರಿಲ್ಲ, ಕನ್ನಡಿಯ ಹಾಗೆ ಶುಭ್ರ. ಅಕ್ಕ ಮನೆಗೆ ಬಂದು ಮೊದಲ ಸಲ 'ನೀರು' ಒತ್ತಿದಾಗ ಭಾವ ಪ್ಲಾಟ್‌ಫಾರಮ್ಮಿನಲ್ಲಿ ನಿಂತವರಂತೆ ಸೆಟೆದು ನಿಂತು, "ಗಾಡಿ ಎಷ್ಟನೇ ನಂಬರಿಗೆ ಬರುತ್ತಮ್ಮಾ?" ಎಂದರು. ಅಕ್ಕ ಸದ್ದಿಲ್ಲದೆ ನಕ್ಕಳು.

ನಗು ಒಂದು ವಾರವೂ ಬಾಳಲಿಲ್ಲ. ಅಕ್ಕ 'ಬನ್ನಿ' ಎಂದು ಒತ್ತಿದರೆ ಹಿತ್ತಲಲ್ಲಿದ್ದ ಭಾವ ತಿರುಗುತ್ತಲೇ ಇರಲಿಲ್ಲ. ಪಕ್ಕದ ಮನೆಯ ರೇಡಿಯೋ ಎಂದುಕೊಳ್ಳುತ್ತಿದ್ದರು. ಕೊನೆಗೆ ಅಕ್ಕ ತಟ್ಟೆಗೆ ಚಮಚ ಬಡಿದು ಕರೆಯತೊಡಗಿದಳು. ಒಂದು ಬೆಳಿಗ್ಗೆ ತಟ್ಟೆ ಸದ್ದಿಗೆ ಒಳಗೆ ಬಂದ ಭಾವ ಹೆಂಡತಿಗೆ ಬೇಕಾದದ್ದು ಕೊಟ್ಟು, ಅಡುಗೆಮನೆಯಲ್ಲಿ ಕತ್ತರಿಯ ಎದುರು ನಿಂತರು.

"ಇನ್ನೂರು ಪದ ಹಿಡಿದ್ರಿ ಇಬ್ರೂ ಸೇರಿ. ಮೂವತ್ತೆಂಟು ವರ್ಷ ಕರೆದದ್ದು ಒಂದೇ ಒಂದು ಮಾತು. ಅದನ್ನ ಹಾಕ್ಲೇ ಇಲ್ವಲ್ಲಮ್ಮ. ಆಪರೇಷನ್ ಆಗಿದ್ದು ಅವಳಿಗೆ. ಕಿವುಡನಾಗಿರೋದು ನಾನು."

ಕತ್ತರಿ ತೊಳೆಯುತ್ತಿದ್ದ ಪಾತ್ರೆಯನ್ನು ಹಾಗೇ ಬಿಟ್ಟಳು. 'ರೀ' ಎನ್ನುವುದು ಯಾವ ಪಟ್ಟಿಯಲ್ಲಿ ಇರುತ್ತದೆ? ಅದು ಹೆಸರಲ್ಲ, ಕೆಲಸವಲ್ಲ, ವಸ್ತುವಲ್ಲ. ಅವಳ ಪಾಲಿಗೆ ಅದು ಮೂವತ್ತು ವರ್ಷ ಬುಟ್ಟಿಗೆ ಬೀಳುತ್ತಿದ್ದ ಕಸ. ಈ ಸಲದ ಬುಟ್ಟಿ ಎಲ್ಲಿ? ವೇಗದ ಯಂತ್ರ ತಂದಿದ್ದರೆ ಅಂದಂದೇ ಕತ್ತರಿಸಿ ಎಸೆದಿರುತ್ತಿದ್ದಳು, ಅನುಮಾನವೇ ಇಲ್ಲ. ಉಳಿದ ಕಸ ಅಳಿಸುವ ಕೆಲಸ ಆಸ್ಪತ್ರೆಯ ಓಡಾಟದಲ್ಲಿ ಹಾಗೇ ನಿಂತುಹೋಗಿತ್ತು. ಕೈ ಒರೆಸಿಕೊಳ್ಳದೆ ಓಡಿದಳು. ಹನ್ನೊಂದು ಬೆಳಗುಗಳೂ ಆಮೆಯ ಹೊಟ್ಟೆಯಲ್ಲಿ ಹಾಗೇ ಇದ್ದವು.

ಎರಡು ದಿನ ಕೂತು ಕೇಳಿದಳು. ನಲವತ್ತಮೂರು 'ರೀ'ಗಳು ಸಿಕ್ಕವು. ಹಾಲು ಉಕ್ಕುವ ರೀ, ಕನ್ನಡಕ ಕಾಣದ ರೀ, ಗಂಡ ಏನೋ ಬಚ್ಚಿಡುತ್ತಿದ್ದಾನೆಂಬ ಗುಮಾನಿಯ ರೀ. ಸ್ಟೇಷನ್ನಿಗೆ ಮೂರೇ ಧಾಟಿ ಸಾಕಾಗಿತ್ತು.

ಕೊನೆಯದು ಹನ್ನೊಂದನೆಯ ಬೆಳಗಿನ ತುದಿಯಲ್ಲಿತ್ತು, ಅವಳು ಬಚ್ಚಲಿಗೆ ಹೋಗಿದ್ದ ಹೊತ್ತಿನದು. ಕುರ್ಚಿ ಸರಿದ ಸದ್ದು. ಆಮೇಲೆ ಮೆಲ್ಲಗೆ, ಅಕ್ಕನ ದನಿ: "ರೀ..."

ಅಡುಗೆಮನೆಯಿಂದ, "ಏನೇ?"

"ಏನಿಲ್ಲ."

"ಏನಿಲ್ಲ ಅಂದ್ರೆ ಯಾಕೆ ಕರೆದೆ?"

ಅಲ್ಲಿಗೆ ರೆಕಾರ್ಡಿಂಗ್ ಮುಗಿದಿತ್ತು. ಕತ್ತರಿ ಈ ಸಲ ಮುಖ ತೊಳೆಯಲು ಏಳಲಿಲ್ಲ, ಕೂತಲ್ಲೇ ಮನಸಾರೆ ಅತ್ತಳು. ಆಮೇಲೆ ಆ ಒಂದು 'ರೀ'ಯನ್ನು ಕತ್ತರಿಸಿದಳು. ಮುಂಚಿನ ಉಸಿರನ್ನು ಬೇಕೆಂದೇ ಬಿಟ್ಟಳು. ಟ್ಯಾಬ್ಲೆಟ್ಟಿನ ಮೊದಲ ಸಾಲಿನಲ್ಲಿ ಒಂದು ಗುಂಡಿ ಮಾಡಿ, ಮೇಲೆ ಏನೂ ಬರೆಯದೆ ಅಕ್ಕನ ಕೈಗೆ ಕೊಟ್ಟಳು.

ಅಕ್ಕ ಒತ್ತಿದಳು.

ಹಿತ್ತಲಿನಲ್ಲಿ ಬಕೆಟ್ಟು ದಡಕ್ಕನೆ ಕೆಳಗಿಟ್ಟ ಸದ್ದು. "ಬಂದೆ ಕಣೇ, ಬಂದೆ!" ಎನ್ನುತ್ತ ಒದ್ದೆ ಕೈಯಲ್ಲೇ ಓಡಿಬಂದ ಭಾವ ಬಾಗಿಲಲ್ಲಿ ನಿಂತುಬಿಟ್ಟರು. ಅಕ್ಕನನ್ನು ನೋಡಿದರು, ಅವಳ ಕೈಯಲ್ಲಿದ್ದ ಟ್ಯಾಬ್ಲೆಟ್ಟು ನೋಡಿದರು.

"ಏನೇ?" ಎಂದರು.

ಅಕ್ಕ ಗುಂಡಿಗಳ ಮೇಲೆ ಬೆರಳಾಡಿಸಿದಳು. 'ಏನಿಲ್ಲ' ಎನ್ನುವುದೂ ಪಟ್ಟಿಯಲ್ಲಿ ಇರಲಿಲ್ಲ. ಸುಮ್ಮನೆ ತಲೆಯಾಡಿಸಿದಳು.

"ಏನಿಲ್ಲ ಅಂದ್ರೆ ಯಾಕೆ ಕರೆದೆ?" ಎನ್ನುತ್ತ ಭಾವ ಅವಳ ಪಕ್ಕದಲ್ಲೇ ಕೂತುಕೊಂಡರು.