ಹಿಂದಿನ ಚಕ್ರಕ್ಕೊಂದು ಗಟ್ಟಿ ರಿಮ್

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಇಡೀ ಬೀದಿಯಲ್ಲಿ ಕೊನೆಯ ಅಂಗಡಿಯ ಶಟರ್ ಮಾತ್ರ ಸೊಂಟದೆತ್ತರಕ್ಕೆ ಎದ್ದಿದೆ. ಬಗ್ಗಿ ಒಳಗೆ ಹೋಗುವಾಗ ಅದರ ಅಂಚು ನನ್ನ ತಲೆಗೆ ಸರಿಯಾಗಿ ಬಡಿಯುತ್ತದೆ. “ಎಲ್ರಿಗೂ ಬಡಿಯುತ್ತೆ, ಕೂತ್ಕೊಳ್ಳಿ” ಎನ್ನುವ ಹೆಂಗಸು ತಿರುಗಿಯೂ ನೋಡುವುದಿಲ್ಲ. ನೆಲದ ಮೇಲೆ ಮಾಸಿದ ಕಂಬಳಿ, ಕಂಬಳಿಯ ಮೇಲೆ ಟೈರಿಲ್ಲದ ಒಂದು ಚಕ್ರ. ಅದರ ಅಂಚಿಗೆ ಎರಡೂ ಅಂಗೈ ಊರಿ, ಮೈಭಾರವನ್ನೆಲ್ಲ ಬಿಟ್ಟು ಒತ್ತುತ್ತಾರೆ. ‘ಟಿಣ್’ ಎನ್ನುತ್ತದೆ. ಸ್ವಲ್ಪ ತಿರುಗಿಸಿ ಮತ್ತೆ ಒತ್ತುತ್ತಾರೆ. ಟಿಣ್, ಟಿಣ್. ಏನೋ ಮುರಿದೇ ಹೋಯಿತು ಎಂದು ನಾನು ಕೂತಲ್ಲಿಂದ ಏಳುತ್ತೇನೆ.

“ಮುರೀಲಿಲ್ಲ. ಬಿಗಿ ಮಾಡುವಾಗ ಕಡ್ಡಿ ತಿರುಚಿಕೊಂಡಿರುತ್ತೆ, ಒತ್ತಿದ್ರೆ ಬಿಡಿಸ್ಕೊಳ್ಳುತ್ತೆ. ಕೂಗೋದಿದ್ರೆ ಇಲ್ಲೇ ಕೂಗ್ಲಿ. ಗುಡ್ಡದ ಮೇಲೆ ಕೂಗಿದ್ರೆ ಕೇಳೋಕೆ ನಾನಿರಲ್ಲ.”

ಇವರು ಚಕ್ರದಕ್ಕ. ಬೀದಿಯವರೆಲ್ಲ ಹಾಗೇ ಕರೆಯುತ್ತಾರೆ. ಸೈಕಲ್ಲಿನ ಚಕ್ರ ಕಟ್ಟುವುದು ಇವರ ಕೆಲಸ. ಚಕ್ರವನ್ನೂ ಕಟ್ಟಬೇಕೇ, ಅದು ಕಾರ್ಖಾನೆಯಿಂದ ದುಂಡಗೇ ಬರುವುದಿಲ್ಲವೇ ಎಂದು ನೀವು ಕೇಳಬಹುದು. ಮೊದಲ ದಿನ ನಾನೂ ಕೇಳಿದ್ದೆ, ನಕ್ಕುಬಿಟ್ಟಿದ್ದರು. ನಡುವಿನ ಗುಂಬ, ಸುತ್ತಲಿನ ರಿಮ್, ಎರಡನ್ನೂ ಹಿಡಿದಿಡುವ ಸಣ್ಣ ಕಡ್ಡಿಗಳು, ಇವೆಲ್ಲ ಬಿಡಿಬಿಡಿಯಾಗಿ ಇವರ ಮುಂದೆ ಬೀಳುತ್ತವೆ. ಒಂದೊಂದೇ ಕಡ್ಡಿ ಪೋಣಿಸಿ, ಅತ್ತ ಒಂದಿಷ್ಟು ಇತ್ತ ಒಂದಿಷ್ಟು ಬಿಗಿದು, ಚಕ್ರ ತಿರುಗುವಾಗ ಕೂದಲೆಳೆಯಷ್ಟೂ ಅಲ್ಲಾಡದಂತೆ ಮಾಡಬೇಕು. ಹರೆಯದಲ್ಲಿ ಸೈಕಲ್ ಕಾರ್ಖಾನೆಯ ಚಕ್ರ ವಿಭಾಗದಲ್ಲಿದ್ದರಂತೆ. ಅದು ಬಾಗಿಲು ಹಾಕಿದ ಮೇಲೆ ಬಟ್ಟೆ ಒಗೆಯುವ ಅಂಗಡಿಗೂ ಬೀಗ ರಿಪೇರಿಯವನ ಗೂಡಿಗೂ ನಡುವೆ ಈ ಜಾಗ ಹಿಡಿದರು. ಬೆಳಗ್ಗೆ ಕಟ್ಟುವ ಕೆಲಸ, ಮಧ್ಯಾಹ್ನ ಪಂಕ್ಚರು, ಸಂಜೆ ಬೆಂಡ್ ತೆಗೆಯುವುದು. ಎರಡೂ ಹೆಬ್ಬೆರಳ ತುದಿ ಕೊಡತಿಯಂತೆ ಚಪ್ಪಟೆಯಾಗಿದೆ. ಚಳಿಗಾಲದಲ್ಲಿ ಅಂಗಿಯ ಗುಂಡಿ ಹಾಕಲು ಆಗುವುದಿಲ್ಲವಂತೆ.

ನಾನು ಪತ್ರಿಕೆಗೆ ಬರೆಯಲು ಬಂದಿರುವುದು ಈಗ ಕಂಬಳಿಯ ಮೇಲಿರುವ ಈ ಚಕ್ರದ ಬಗ್ಗೆ. ಇದು ಗುಬ್ಬಿಯದು. ಗುಬ್ಬಿ ಎಂದರೆ ಚಕ್ರದಕ್ಕನ ತಂಗಿಯ ಮಗಳು. ಹಿಡಿಯಷ್ಟಿದ್ದಾಳೆ, ಗಾಳಿ ಬಂದರೆ ಹಾರಿಹೋಗುವ ಹಾಗೆ. ಆದರೆ ಕಲ್ಲುಬಂಡೆಯ ಗುಡ್ಡದ ನೆತ್ತಿಯಿಂದ ಸೈಕಲ್ಲಿನಲ್ಲಿ ಕೆಳಕ್ಕೆ ಧುಮುಕುವುದೆಂದರೆ ಅವಳಿಗೆ ಪ್ರಾಣ. ಈ ಇಳಿಜಾರಿನ ಸೈಕಲ್ಲುಗಳು ಸಾಮಾನ್ಯವಾಗಿ ಕೋಣದ ಹಾಗಿರುತ್ತವೆ. ಗುಬ್ಬಿಯಂಥ ಹುಡುಗಿ ಅದನ್ನು ಓಡಿಸುವುದಲ್ಲ, ಅದೇ ಅವಳನ್ನು ಎಳೆದುಕೊಂಡು ಹೋಗುತ್ತದೆ. ಹಾಗಾಗಿ ಹಗುರವಾದ ಸೈಕಲ್ ಮಾಡಿಸಿಕೊಂಡಿದ್ದಾಳೆ. ಚೌಕಟ್ಟು ಹಗುರ, ಹ್ಯಾಂಡಲ್ ಹಗುರ. ಉಳಿದಿರುವುದು ರಿಮ್ ಮತ್ತು ಟೈರು. ಭಾನುವಾರ ಓಟ.

“ಎಲ್ಲಿ ಬೇಕಾದ್ರೂ ತೂಕ ಇಳಿಸಬಹುದು, ಚಕ್ರದಲ್ಲಿ ಇಳಿಸೋಕೆ ಮಾತ್ರ ಹೆದರ್ತೀನಿ” ಎನ್ನುತ್ತಾರೆ ಚಕ್ರದಕ್ಕ.

ಹೆದರುವುದಕ್ಕೆ ಕಾರಣವಿದೆ. ಹೋದ ವರ್ಷ ಗುಬ್ಬಿ ಹಟ ಹಿಡಿದು, ಎರಡೂ ಚಕ್ರಕ್ಕೆ ತೆಳು ರಿಮ್, ತೆಳು ಟೈರು ಹಾಕಿಸಿಕೊಂಡಿದ್ದಳು. ಗುಡ್ಡದ ಅರ್ಧದಲ್ಲಿ ಮೆಟ್ಟಿಲಿನಂಥ ಬಂಡೆಗಳಿವೆ. ಅಲ್ಲಿ ಹಿಂದಿನ ರಿಮ್ ಕಲ್ಲಿಗೆ ಬಡಿದು, ಟೈರು ಕಿತ್ತುಕೊಂಡು ಹೊರಬಂತು. ಹುಡುಗಿ ಬಿದ್ದು ಕತ್ತಿನ ಬುಡದ ಮೂಳೆ ಮುರಿಯಿತು. ಆಸ್ಪತ್ರೆಯ ಮೊಗಸಾಲೆಯಲ್ಲಿ ತಂಗಿ ಅಕ್ಕನಿಗೆ ಹೇಳಿದ್ದು ಒಂದೇ ಮಾತು. “ನೀನು ಕಟ್ಟಿದ್ದು ಅಂತ ನಾನು ನಿಶ್ಚಿಂತೆಯಾಗಿದ್ದೆ.” ಆಮೇಲೆ ಮಾತೇ ಇಲ್ಲ.

ಊರಿನ ಈ ಬದಿಯಲ್ಲೇ ಇಬ್ಬರ ಮನೆ. ತಂಗಿ ದಿನಾ ಬೆಳಗ್ಗೆ ಕೆಲಸಕ್ಕೆ ಇದೇ ಬೀದಿಯಲ್ಲಿ ಹಳೆಯ ಸೈಕಲ್ ತುಳಿದುಕೊಂಡು ಹೋಗುತ್ತಾರೆ. ನಾನು ಕೂತಿದ್ದಾಗಲೇ ಹೋದರು. ಚಕ್ರದಕ್ಕ ಕೆಲಸ ನಿಲ್ಲಿಸಿ ಶಟರ್ ಕೆಳಗಿನ ಸಂದಿಯಿಂದ ನೋಡಿದರು. ನಮಗೆ ಕಂಡದ್ದು ಎರಡು ಕಾಲು, ಎರಡು ಚಕ್ರ ಮಾತ್ರ. ಹಿಂದಿನ ಚಕ್ರ ಹಾವಿನ ಹಾಗೆ ಅತ್ತಿತ್ತ ಹೊರಳುತ್ತಿತ್ತು.

“ನೋಡಿದ್ರಾ? ಎಲ್ಲೋ ಕೊಟ್ಟು ರಿಪೇರಿ ಮಾಡಿಸಿದ್ದಾಳೆ. ಯಾವನೋ ಒಂದು ಕಡೆ ಮಾತ್ರ ಬಿಗಿದಿದ್ದಾನೆ, ಪುಣ್ಯಾತ್ಮ. ದಿನಾ ನೋಡ್ತೀನಿ, ಕೈ ಕಡಿಯುತ್ತೆ. ನನ್ನ ಜೊತೆ ಮಾತಾಡ್ದಿದ್ರೆ ಬೇಡ ಕಣ್ರೀ, ಆ ಚಕ್ರ ಒಂದು ಸಲ ಕೈಗೆ ಕೊಟ್ರೆ ಸಾಕು.”

ಆ ಭಯದಲ್ಲೇ ಈ ವರ್ಷ ಚಕ್ರದಕ್ಕ ಇನ್ನೊಂದು ತಪ್ಪು ಮಾಡಿದರು. ಗುಬ್ಬಿಯ ಮೂಳೆ ಕೂಡಿಕೊಂಡು, ಅವಳು ಮತ್ತೆ ಸೈಕಲ್ ಹತ್ತುತ್ತೇನೆ ಎಂದಾಗ, ಹಿಂದೂ ಮುಂದೂ ಅತಿ ದಪ್ಪದ ಟೈರು, ಅತಿ ಗಟ್ಟಿ ರಿಮ್, ರಿಮ್ಮಿಗೆ ಪೆಟ್ಟು ತಾಗದಂತೆ ಟೈರಿನೊಳಗೆ ಸ್ಪಂಜಿನ ಬಳೆ ಎಲ್ಲ ಸೇರಿಸಿ ಟ್ರಾಕ್ಟರಿನ ಚಕ್ರ ಕಟ್ಟಿಕೊಟ್ಟರು. ಗುಬ್ಬಿ ಅಭ್ಯಾಸಕ್ಕೆ ಹೋದಳು. ಮುಂದಿನ ಚಕ್ರವನ್ನು ಬಂಡೆಯ ಮೇಲೆ ಎತ್ತಿ ಹಾಕಲು ತೋಳಿನಲ್ಲಿ ಕಸುವೇ ಉಳಿಯಲಿಲ್ಲ. ದಾರಿಬಿಟ್ಟು ಪೊದೆಯೊಳಗೆ ನುಗ್ಗಿದಳು. ಏನೂ ಆಗಲಿಲ್ಲ, ಮೈಕೈ ತರಚಿಕೊಂಡು ಬಂದು ಅಂಗಡಿಯಲ್ಲಿ ನಿಂತಳು.

“ದೊಡ್ಡಮ್ಮ, ಇದು ಚಕ್ರ ಅಲ್ಲ, ನಿನ್ನ ಹೆದರಿಕೆ. ನಾನು ಅದನ್ನ ಹೊತ್ಕೊಂಡು ಇಳೀಬೇಕಾ?”

“ಬೈದಿದ್ದು ಸರಿಯಾಗೇ ಇತ್ತು” ಎಂದು ಚಕ್ರದಕ್ಕ ಈಗ ನಗುತ್ತಾರೆ. “ಭಾರ ಆದ್ರೂ ಬೀಳ್ತಾಳೆ, ಹಗುರ ಆದ್ರೂ ಬೀಳ್ತಾಳೆ. ಅಂಗಡೀಲಿ ಕೂತು ಯೋಚ್ನೆ ಮಾಡಿದ್ರೆ ಆಗಲ್ಲ ಅನ್ನಿಸ್ತು. ಗುಡ್ಡ ಹತ್ತಿದೆ.”

ಮಂಡಿನೋವಿನ ಹೆಂಗಸು ಆ ಗುಡ್ಡವನ್ನು ಬುಡದಿಂದ ನೆತ್ತಿಯವರೆಗೆ ನಡೆದು ಹತ್ತಿದ್ದಾರೆ. ಬಂಡೆಗಳ ಅಂಚನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದ್ದಾರೆ. ಯಾವುದು ಚೂಪು, ಯಾವುದು ಸವೆದದ್ದು, ಎಲ್ಲಿ ಮಣ್ಣು ಸಡಿಲ. ಸೈಕಲ್ಲುಗಳು ಬಿಟ್ಟುಹೋದ ಗುರುತುಗಳನ್ನೂ ನೋಡಿದ್ದಾರೆ. ಕಲ್ಲಿನ ಮೇಲೆ ಉಳಿದಿದ್ದ ಗೀರೆಲ್ಲ ಹಿಂದಿನ ರಿಮ್ಮಿನದೇ ಎಂದು ಅವರಿಗೆ ಅನ್ನಿಸಿತು. ಅಲ್ಲಿಂದ ಇಳಿಯುವಾಗಲೇ ಮನಸ್ಸಿನಲ್ಲಿ ಚಕ್ರ ತಯಾರಾಗಿತ್ತಂತೆ.

“ಮುಂದಿನ ಚಕ್ರ ದಾರಿ ಹುಡುಕುತ್ತೆ, ಹಿಂದಿನದು ಪೆಟ್ಟು ತಿನ್ನುತ್ತೆ. ಎರಡಕ್ಕೂ ಒಂದೇ ಅಂಗಿ ಹೊಲಿಸಿದ್ರೆ ಹೇಗೆ? ಮುಂದಕ್ಕೆ ಹಗುರ ರಿಮ್, ತೆಳು ಪದರದ ಟೈರು, ಆದ್ರೆ ರಬ್ಬರ್ ಮೆತ್ತಗಿರಬೇಕು, ಹಲ್ಲು ಎತ್ತರ ಇರಬೇಕು, ತಿರುವಲ್ಲಿ ಕಚ್ಚಿ ಹಿಡೀಬೇಕು. ಹಿಂದಕ್ಕೆ ಎರಡು ಪದರದ ಟೈರು, ಒಳಗೆ ಸ್ಪಂಜಿನ ಬಳೆ, ಗಟ್ಟಿ ಅಲ್ಯೂಮಿನಿಯಂ ರಿಮ್. ಗುಬ್ಬಿ ಕಾರ್ಬನ್ ರಿಮ್ ಕೇಳಿದ್ಲು. ಅದೂ ಒಳ್ಳೇದೇ, ಹಗುರ. ಆದ್ರೆ ಪೆಟ್ಟು ಮೀರಿದ್ರೆ ಸೀಳುತ್ತೆ. ಅಲ್ಯೂಮಿನಿಯಂ ನೆಗ್ಗುತ್ತೆ, ನೆಗ್ಗಿದ್ರೂ ಗುಡ್ಡ ಇಳಿಸುತ್ತೆ. ನನಗೆ ನೆಗ್ಗೋದೇ ಇರ್ಲಿ ಅಂದೆ.”

ಗುಬ್ಬಿ ಮುಖ ಗಂಟುಹಾಕಿಕೊಂಡೇ ಒಪ್ಪಿದಳಂತೆ. ಆದರೆ ಮಾತಿನ ನಡುವೆ ಚಕ್ರದಕ್ಕ ಟೈರು ತರಲು ಒಳಗೆ ಹೋದಾಗ, ಅಷ್ಟರಲ್ಲಿ ಅಂಗಡಿಗೆ ಬಂದಿದ್ದ ಅದೇ ಹುಡುಗಿ ನನ್ನ ಪಕ್ಕಕ್ಕೆ ಬಂದು ಮೆಲ್ಲಗೆ ಹೇಳುತ್ತಾಳೆ: “ಹೋದ ವರ್ಷ ದೊಡ್ಡಮ್ಮನ ತಪ್ಪಿರಲಿಲ್ಲ. ನೆಲ ಜಾರ್ತಿತ್ತು, ಹಿಡಿತ ಸಿಗಲಿ ಅಂತ ಮೇಲೆ ನಿಂತಾಗ ಹಿಂದಿನ ಟೈರಿನ ಗಾಳಿ ನಾನೇ ಬಿಟ್ಟೆ. ಜಾಸ್ತೀನೇ ಬಿಟ್ಟೆ, ಅದಕ್ಕೇ ರಿಮ್ ಕಲ್ಲಿಗೆ ಬಡಿದಿದ್ದು. ದೊಡ್ಡಮ್ಮಂಗೆ ಆವತ್ತೇ ಗೊತ್ತಾಯ್ತು. ಅಮ್ಮಂಗೆ ಹೇಳ್ಲೇ ಇಲ್ಲ.”

ನನಗೆ ಸಿಟ್ಟೇ ಬಂತು. ವರ್ಷವಿಡೀ ತಂಗಿಯ ಬೆನ್ನು ನೋಡಿಕೊಂಡು ತುಟಿ ಪಿಟಕ್ಕೆನ್ನದೆ ಕೂತ ಈ ಹೆಂಗಸಿನ ಮೇಲೂ, ಬಾಯಿ ಮುಚ್ಚಿಕೊಂಡಿದ್ದ ಹುಡುಗಿಯ ಮೇಲೂ. ಚಕ್ರದಕ್ಕ ಹೊರಬಂದ ಕೂಡಲೇ ನೇರ ಕೇಳಿಯೇಬಿಟ್ಟೆ, ನೀವ್ಯಾಕೆ ಹೇಳಲಿಲ್ಲ ಎಂದು.

“ಮೂಳೆ ಮುರಿದು ಮಲಗಿರೋ ಮಗು ಮೇಲೆ ಹಾಕ್ಲಾ?” ಎನ್ನುತ್ತಾರೆ. ಟೈರನ್ನು ರಿಮ್ಮಿನೊಳಗೆ ಕೂರಿಸುತ್ತ, ಹೆಬ್ಬೆರಳಿನಿಂದ ಸುತ್ತ ಒತ್ತುತ್ತ ಹೋಗುತ್ತಾರೆ. “ಗಾಳಿ ಎಲ್ರೂ ಬಿಡ್ತಾರೆ ಕಣ್ರೀ. ಬಿಡ್ತಾಳೆ ಅಂತ ತಿಳ್ಕೊಂಡೇ ನಾನು ಕಟ್ಟಬೇಕಿತ್ತು.”

ಗುಬ್ಬಿ ಅತ್ತ ತಿರುಗಿ ಪಂಪನ್ನು ಉಜ್ಜುತ್ತ ನಿಂತಿದ್ದಾಳೆ, ಅದರಲ್ಲಿ ಉಜ್ಜುವಂಥದ್ದೇನೂ ಇಲ್ಲ.

ಭಾನುವಾರ ನಾನೂ ಹೋದೆ. ಧ್ವನಿವರ್ಧಕದಲ್ಲಿ ಓಡಿಸುವವರ ಹೆಸರು ಹೇಳುತ್ತಾರೆ, ಸೈಕಲ್ ಕಂಪನಿಯ ಹೆಸರು ಹೇಳುತ್ತಾರೆ, ನೀರಿನ ಬಾಟಲಿ ಕೊಟ್ಟವರ ಹೆಸರನ್ನೂ ಹೇಳುತ್ತಾರೆ. ಚಕ್ರ ಕಟ್ಟಿದವರ ಸುದ್ದಿಯೇ ಇಲ್ಲ. ಚಕ್ರದಕ್ಕ ಗುರಿಯ ಗೆರೆಯ ಹತ್ತಿರ ನಿಲ್ಲಲಿಲ್ಲ, ಅರ್ಧ ಗುಡ್ಡ ಹತ್ತಿ ಆ ಬಂಡೆಗಳ ಪಕ್ಕ, ದಾರಿಯ ಬದಿಗೆ ಕಟ್ಟಿದ್ದ ಹಗ್ಗ ಹಿಡಿದು ನಿಂತರು. ಗುಬ್ಬಿ ಬರುವಾಗ ಕಣ್ಣು ಮುಚ್ಚಿಕೊಂಡರು. ಮೊದಲ ಬಂಡೆ, ಎರಡನೆಯದು, ಆಮೇಲೆ ‘ಠಣ್’ ಎಂದು ಕಲ್ಲಿಗೆ ರಿಮ್ ಬಡಿದ ಸದ್ದು. ಕಣ್ಣು ಮುಚ್ಚಿದ್ದ ಅವರು, “ನೆಗ್ಗಿತು. ಒಡೀಲಿಲ್ಲ. ಹೋಗ್ತಾಳೆ” ಎಂದರು. ಹೋದಳು. ಧೂಳೆಬ್ಬಿಸಿಕೊಂಡು, ತಿರುವಿನಲ್ಲಿ ನೆಲಕ್ಕೆ ಒರಗಿ, ನೆಟ್ಟಗೆ ಕೆಳಗಿನವರೆಗೆ.

ಗೆಲ್ಲಲಿಲ್ಲ. ಪದಕದ ಹತ್ತಿರಕ್ಕೂ ಬರಲಿಲ್ಲ. ಚಕ್ರದಕ್ಕ ಕೆಳಗಿಳಿದು ಮೊದಲು ಹುಡುಗಿಯ ಭುಜ ಮುಟ್ಟಿ ನೋಡಿದರು, ಆಮೇಲೆ ಹಿಂದಿನ ರಿಮ್. ಅಂಚಿನಲ್ಲಿ ಉಗುರಿನಷ್ಟು ತಗ್ಗು. ಅದರ ಮೇಲೆ ಹೆಬ್ಬೆರಳಾಡಿಸುತ್ತ, “ಪೆಟ್ಟು ರಿಮ್ ತಿಂದಿದೆ, ನೀನು ತಿಂದಿಲ್ಲ. ಇನ್ನೇನು ಬೇಕು?” ಎಂದರು. ಗುಬ್ಬಿ ಅವರ ತೋಳಿಗೆ ಹಣೆ ಒತ್ತಿ ಅತ್ತಳು. “ಇವತ್ತೇ ಅಮ್ಮಂಗೆ ಹೇಳ್ತೀನಿ” ಎಂದಳು.

ಮರುದಿನ ಬೆಳಗ್ಗೆ ಚಿತ್ರ ತೆಗೆಯುವ ನೆಪದಲ್ಲಿ ನಾನು ಮತ್ತೆ ಬಂದಿದ್ದೇನೆ, ಶಟರಿಗೆ ಮತ್ತೆ ತಲೆ ಬಡಿಸಿಕೊಂಡಿದ್ದೇನೆ. ಚಕ್ರದಕ್ಕ ಗುಬ್ಬಿಯ ರಿಮ್ಮಿನ ತಗ್ಗನ್ನು ಮರದ ಸುತ್ತಿಗೆಯಿಂದ ಎಬ್ಬಿಸುತ್ತಿದ್ದಾರೆ. ಸಂದಿಯಲ್ಲಿ ಆ ಎರಡು ಕಾಲು ಕಾಣಿಸುತ್ತವೆ, ಹೊರಳುವ ಆ ಚಕ್ರವೂ. ದಿನದಂತೆ ಮುಂದೆ ಹೋಗುವುದಿಲ್ಲ, ನಿಲ್ಲುತ್ತವೆ. ಶಟರ್ ಸದ್ದು ಮಾಡುತ್ತ ಪೂರ್ತಿ ಮೇಲೆದ್ದು, ಅಂಗಡಿಗೆಲ್ಲ ಬೆಳಕು ಬೀಳುತ್ತದೆ. ಕೆಲಸದ ಸಮವಸ್ತ್ರದಲ್ಲೇ ಇರುವ ತಂಗಿ ಸೈಕಲ್ಲನ್ನು ಒಳಕ್ಕೆ ತಳ್ಳಿ ಗೋಡೆಗೆ ಒರಗಿಸುತ್ತಾರೆ. ಅಕ್ಕನ ಮುಖ ನೋಡುವುದಿಲ್ಲ, ಚಕ್ರವನ್ನೇ ನೋಡುತ್ತಾರೆ.

“ಹಿಂದಿಂದು ಅಲ್ಲಾಡ್ತಿದೆ ಅಕ್ಕ.”

ಚಕ್ರದಕ್ಕ ಸುತ್ತಿಗೆ ಕೆಳಗಿಟ್ಟು ಕೈ ಒರೆಸಿಕೊಳ್ಳುತ್ತಾರೆ. ಮಂಡಿಯೂರಿ ಕೂತು ಚಕ್ರ ತಿರುಗಿಸುತ್ತಾರೆ. ಒಂದೊಂದೇ ಕಡ್ಡಿಯನ್ನು ಬೆರಳಲ್ಲಿ ಮೀಟುತ್ತ ಸುತ್ತು ಬರುತ್ತಾರೆ.

“ಎಷ್ಟು ಹೊತ್ತಾಗುತ್ತೆ? ನನಗೆ ಕೆಲಸಕ್ಕೆ ತಡ ಆಗುತ್ತೆ” ಎಂದು ತಂಗಿ ಕೇಳುತ್ತಾರೆ.

ಬೆಂಡ್ ತೆಗೆಯುವುದು ಇವರಿಗೆ ಒಂದು ಲೋಟ ಚಹಾ ಕುಡಿಯುವಷ್ಟು ಹೊತ್ತಿನ ಕೆಲಸ. ಅದು ನನಗೂ ಗೊತ್ತು, ತಂಗಿಗೂ ಗೊತ್ತು. ಚಕ್ರದಕ್ಕ ತಲೆ ಎತ್ತದೆ, ಪಕ್ಕದಲ್ಲಿದ್ದ ಮೋಟು ಸ್ಟೂಲನ್ನು ಕಾಲಿನಿಂದ ತಂಗಿಯ ಕಡೆ ತಳ್ಳುತ್ತಾರೆ.

“ತುಂಬ ಹೊತ್ತಾಗುತ್ತೆ ಕಣೇ. ಕೂತ್ಕೋ.”