ಗ್ಲಾಸಿನ ತಳದ ಕೆಂಪು

ಈ ಬೇಸಿಗೆಯಲ್ಲಿ ನಾನು ಕಲಬೆರಕೆ ದಂಧೆಗೆ ಇಳಿದೆ. ಲಾಭವೂ ಚೆನ್ನಾಗಿಯೇ ಬಂತು. ನಡುವೆ ಜೈಲಿಗೂ ಹೋಗಿ ಬಂದೆ.

ಗಾಬರಿಯಾಗಬೇಡಿ. ಜೈಲು ಅಂದರೆ ನಮ್ಮ ಮನೆಯ ದೊಡ್ಡ ಮಂಚದ ಕೆಳಗೆ, ಅಕ್ಕಿ ಚೀಲಗಳ ಪಕ್ಕ. ನನ್ನನ್ನು ಹಿಡಿದ ಇನ್ಸ್‌ಪೆಕ್ಟರ್ ನನ್ನ ಮಗಳು ಗಿರಿಜಾ. ನ್ಯಾಯಾಧೀಶರು ನಮ್ಮ ಅತ್ತೆ. ಲಾಭವನ್ನು ಎಣಿಸುತ್ತಿದ್ದದ್ದು ಹುಣಸೆ ಬೀಜದಲ್ಲಿ.

ರಾಯಚೂರಿನ ಬೇಸಿಗೆ ನಿಮಗೆ ಗೊತ್ತೇ ಇದೆ. ಊಟವಾದ ಮೇಲೆ ಓಣಿಯಲ್ಲಿ ನಾಯಿ ಕೂಡ ಅಡ್ಡಾಡುವುದಿಲ್ಲ. ಶಾಲೆಗೆ ರಜೆ. ಮಕ್ಕಳನ್ನು ಬಿಸಿಲಿಗೆ ಬಿಡುವಂತಿಲ್ಲ, ಒಳಗೆ ಕೂಡಿಹಾಕಿದರೆ ಮನೆ ಉಳಿಯುವುದಿಲ್ಲ. ಅಷ್ಟರಲ್ಲಿ ರೇಡಿಯೋದಲ್ಲಿ ಯಾರೋ ಒಬ್ಬರು ಕಲಬೆರಕೆಯ ಬಗ್ಗೆ ಮಾತಾಡಿದರು. ಮೆಣಸಿನಲ್ಲಿ ಪಪ್ಪಾಯಿ ಬೀಜ, ಖಾರಪುಡಿಯಲ್ಲಿ ಇಟ್ಟಿಗೆ ಪುಡಿ, ನೀರಿಗೆ ಹಾಕಿ ನೋಡಿ ಎಂದೆಲ್ಲ ಹೇಳಿದರು. ನಾವು ದೊಡ್ಡವರು ಹೂಂ ಎಂದು ಕೇಳಿ ಮರೆತೆವು. ಮಕ್ಕಳು ಮರೆಯಲಿಲ್ಲ. ಅದನ್ನೇ ಆಟ ಮಾಡಿಕೊಂಡರು.

ಆಟ ಹೀಗಿದೆ. ಒಬ್ಬರು ಸಾಹುಕಾರ. ಅವರು ಅಡುಗೆಮನೆಯ ಸಾಮಾನಿನಲ್ಲಿ ಏನಾದರೂ ಬೆರೆಸಿ ಅಂಗಡಿ ಇಡಬೇಕು. ಉಳಿದವರು ಗಿರಾಕಿಗಳು. ಮಾಲು ಮಾರಿಹೋದರೆ ಬೆರೆಸಿದ್ದೆಲ್ಲ ಸಾಹುಕಾರನಿಗೆ ಲಾಭ. ನಡುವೆ ಇನ್ಸ್‌ಪೆಕ್ಟರ್ ರೇಡು ಮಾಡಬಹುದು. ಮುಟ್ಟಿ, ಮೂಸಿ, ನೀರಿಗೆ ಹಾಕಿ ಟೆಸ್ಟ್ ಮಾಡಬಹುದು. ಸಿಕ್ಕಿಬಿದ್ದರೆ ಸ್ಟಾಕೆಲ್ಲ ಜಪ್ತಿ, ಸಾಹುಕಾರ ಮಂಚದ ಕೆಳಗೆ.

ಇದಕ್ಕೆ ಇನ್ನೊಂದು ರೂಲು ಸೇರಿಸಿದವರು ನಮ್ಮ ಅತ್ತೆ. ಅವರು ದೇವದುರ್ಗದವರು. ನಿಜಾಮರ ಕಾಲ ಕಂಡವರು. ಇನ್ಸ್‌ಪೆಕ್ಟರನ್ನು ಈಗಲೂ 'ಅಮೀನ್' ಅಂತಲೇ ಕರೆಯುತ್ತಾರೆ. ಎಲೆ ಅಡಕೆಯ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕಂಬಕ್ಕೆ ಒರಗಿ ಕೂತು ಮೊದಲ ದಿನವೇ ಹುಕುಂ ಹೊರಡಿಸಿದರು.

"ಅಮೀನ ಸುಳ್ಳು ಕೇಸ್ ಹಾಕಿದ್ರ ಡಬಲ್ ಜುರ್ಮಾನಿ ಕಟ್ಟಬೇಕು. ಯಾರ ಮ್ಯಾಲ ಹಾಕ್ಯಾನೋ ಅವರಿಗೇ ಕೊಡಬೇಕು."

"ಅದ್ಯಾಕಜ್ಜಿ?" ಎಂದಳು ಗಿರಿಜಾ.

"ಯಾಕಂದ್ರ? ಇಲ್ಲಂದ್ರ ಅಮೀನಗ ಸೊಕ್ಕು ಬರ್ತದ ಬೇ!"

ಮಕ್ಕಳು ವ್ಯಾಪಾರದಲ್ಲಿ ಬಹಳ ದುರಾಸೆಯವರು. ಅರ್ಧಕ್ಕರ್ಧ ಬೆರೆಸಿಬಿಡುತ್ತಿದ್ದರು. ಅರಿಶಿನದ ಡಬ್ಬಿ ನೋಡಿದರೆ ಜೋಳದ ಹಿಟ್ಟೇ ಜಾಸ್ತಿ. ಹಿಡಿಯದೆ ಬಿಡುತ್ತಾರೆಯೇ? ಇದನ್ನು ನೋಡಿ ನೋಡಿ ನನಗೆ ಕೈ ಕಡಿಯತೊಡಗಿತು. ಅಡುಗೆಮನೆಯಲ್ಲಿ ಇಷ್ಟು ವರ್ಷ ಕಳೆದವಳಿಗೆ ಬೆರೆಸುವುದನ್ನು ಯಾರಾದರೂ ಕಲಿಸಬೇಕೇ? "ಸರೀರಿ, ಇವತ್ತು ಅಂಗಡಿ ನಂದು" ಎಂದು ಸೆರಗು ಸಿಕ್ಕಿಸಿಕೊಂಡು ಕೂತೆ.

ಮೊದಲ ಸಲ, ಒಮ್ಮೆ ಕುದಿಸಿದ ಚಹಾಪುಡಿಯನ್ನು ಒಣಗಿಸಿ ಹೊಸದರಲ್ಲಿ ಬೆರೆಸಿದೆ. ಸಿಕ್ಕಿಬಿದ್ದೆ. ವಾಸನೆ ಇಲ್ಲದ ಚಹಾಪುಡಿಯನ್ನು ಯಾವ ಇನ್ಸ್‌ಪೆಕ್ಟರಾದರೂ ಹಿಡಿಯುತ್ತಾಳೆ. ಮಂಚದ ಕೆಳಗೆ ಮಲಗಿ ಯೋಚಿಸಿದೆ. (ತಂಪಾಗಿತ್ತು. ಅದೂ ದೇವರು ಕೊಟ್ಟದ್ದೇ.) ಆಮೇಲೆ ನನ್ನ ದಂಧೆ ಸುಧಾರಿಸಿತು. ಪಪ್ಪಾಯಿ ಬೀಜವನ್ನು ಬೂದಿಯಲ್ಲಿ ಉಜ್ಜಿ, ಒಣಗಿಸಿ, ಮೆಣಸಿನ ಡಬ್ಬಿಯಲ್ಲಿ ಅಲ್ಲೊಂದು ಇಲ್ಲೊಂದು ಹಾಕಿದೆ. ಗಿರಿಜಾ ಒಂದು ಹಿಡಿ ತೆಗೆದು ನೀರಿಗೆ ಹಾಕಿದಳು. ಆ ಹಿಡಿಯಲ್ಲಿ ಒಂದೂ ಬರಲಿಲ್ಲ. ಲಾಭ ನನಗೆ! ಇಷ್ಟು ಬೆರೆಸಿದರೆ ಸಾಕು ಎಂದು ಕೈ ಹಿಂದಕ್ಕೆ ತೆಗೆಯುವುದೇ ಈ ಕಸುಬಿನ ಗುಟ್ಟು. ಒಗ್ಗರಣೆಗೂ ಅದೇ ಗುಟ್ಟಲ್ಲವೇ?

ಆದರೆ ನನ್ನ ದೊಡ್ಡ ಲಾಭ ಬಂದದ್ದು ಏನೂ ಕಲಬೆರಕೆ ಮಾಡದ ದಿನ.

ನನ್ನ ತವರಿನಲ್ಲಿ ವರ್ಷದ ಖಾರ ಕುಟ್ಟುವಾಗ ಹುಳ ಬೀಳದಿರಲಿ ಎಂದು ಹರಳುಪ್ಪು ಹಾಕಿ, ಒಂದಿಷ್ಟು ಎಣ್ಣೆ ಮುಟ್ಟಿಸುತ್ತಿದ್ದರು. ಹಾಗೇ ಮಾಡಿದೆ. ಮೆಣಸಿನಕಾಯಿಯ ಜೊತೆ ಕುಟ್ಟಿದ ಉಪ್ಪು ಬೆಳ್ಳಗೆ ಉಳಿಯುವುದಿಲ್ಲ, ಕೆಂಪಾಗುತ್ತದೆ. ನೀರಿಗೆ ಹಾಕಿದರೆ ಖಾರ ತೇಲುತ್ತದೆ, ಉಪ್ಪಿನ ಹರಳು ಸರ್ರನೆ ತಳಕ್ಕಿಳಿಯುತ್ತದೆ. ಥೇಟ್ ಇಟ್ಟಿಗೆ ಪುಡಿಯ ಹಾಗೆ.

"ಸಿಕ್ಕಳು! ಇಟ್ಟಂಗಿ ಪುಡಿ!" ಗಿರಿಜಾ ಕುಣಿದಳು. ನನ್ನನ್ನು ಮಂಚದ ಕೆಳಗೆ ತಳ್ಳಿದಳು.

ಪಕ್ಕದ ಮನೆಯ ಪದ್ಮಾಬಾಯಿ ತಮ್ಮ ಮಾಳಿಗೆಯ ಮೇಲಿಂದ ನಮ್ಮ ಒಳಂಗಳಕ್ಕೆ ಬಗ್ಗಿ ಎಲ್ಲ ನೋಡುತ್ತಿದ್ದರು. "ಅಗದೀ ಶಾಣ್ಯಾ ಅದಾಳ ನಿಮ್ಮ ಹುಡುಗಿ!" ಎಂದು ಹೊಗಳಿ, ಒಲೆಯ ಮೇಲೆ ಹಾಲಿದೆ ಎಂದು ಕೆಳಗಿಳಿದು ಹೋದರು.

ಅವರು ಹೋದ ಮೇಲೆ ಉಳಿದ ಅರ್ಧ ಆಟ ನಡೆಯಿತು. ಅತ್ತೆ ಎಲೆಗೆ ಸುಣ್ಣ ಹಚ್ಚುತ್ತ, "ಗ್ಲಾಸ್ ಅಲ್ಲೇ ಇರಲಿ. ಅವಸರ ಏನದ?" ಎಂದರು. ಎಲೆ ಹಾಕಿಕೊಂಡು ಮುಗಿಸುವಷ್ಟರಲ್ಲಿ ಗ್ಲಾಸಿನ ತಳ ಬರಿದಾಗಿತ್ತು. ಉಪ್ಪು ಕರಗುತ್ತದೆ, ಇಟ್ಟಿಗೆ ಕರಗುವುದಿಲ್ಲ. ಸುಳ್ಳು ಕೇಸು! ಇನ್ಸ್‌ಪೆಕ್ಟರ್ ಬೇಸಿಗೆಯೆಲ್ಲ ಗಳಿಸಿದ ಹುಣಸೆ ಬೀಜ ಡಬಲ್ ಜುರ್ಮಾನೆಯಾಗಿ ನನ್ನ ಮಡಿಲಿಗೆ ಬಿತ್ತು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಹೋದ ಶನಿವಾರದ ಮಾತು.

ನಮ್ಮ ಓಣಿಗೆ ಖಾರಪುಡಿ ತರುವವಳು ಜುಬೇದಾ ಬೀ. ಹಿಂದಿನ ಗಲ್ಲಿಯಲ್ಲಿ ಮನೆ. ತಾನೇ ಒರಳಿನಲ್ಲಿ ಕುಟ್ಟಿ, ಬುಟ್ಟಿಯಲ್ಲಿಟ್ಟುಕೊಂಡು ಮನೆ ಮನೆಗೆ ಬರುತ್ತಾಳೆ. ವಾರಕ್ಕೆ ಬೇಕಾದಷ್ಟು ನಾವೆಲ್ಲ ಅವಳ ಹತ್ತಿರವೇ ತೆಗೆದುಕೊಳ್ಳುವುದು. ಮಾನ್ವಿಯಲ್ಲಿ ನಮ್ಮ ಅತ್ತೆಯ ಪರಿಚಯದ ಶರಣಮ್ಮ ಎಂಬವರಿದ್ದಾರೆ. ಅವರ ಮಗಳ ಮದುವೆ. ಮದುವೆಯ ಅಡುಗೆಗೆ, ವರ್ಷದ ಖರ್ಚಿಗೆ ಸೇರಿಸಿ ದೊಡ್ಡ ಆರ್ಡರು ಕೊಡುವವರಿದ್ದರು. ನಾನೇ ಜುಬೇದಾಳ ಹೆಸರು ಹೇಳಿದ್ದೆ. ಶರಣಮ್ಮನ ಮನೆಗೆ ಅವಳ ಖಾರ ಸೇರಿದರೆ ಮಾನ್ವಿ, ಬಾಗಲವಾಡದ ಕಡೆಯ ಅವರ ಬೀಗರ ಮನೆಗಳಿಗೂ ಸೇರಿದ ಹಾಗೆ. ಬಿಸಿಲಲ್ಲಿ ಬುಟ್ಟಿ ಹೊತ್ತು ತಿರುಗುವುದು ತಪ್ಪೀತು ಎಂದು ಜುಬೇದಾ ಆಸೆಯಿಂದ ಕುಟ್ಟಿದ್ದಳು. ಅಂದು ನೋಡಿ ಒಪ್ಪಿಕೊಂಡು ಹೋಗಲು ಶರಣಮ್ಮನೇ ಬಸ್ಸಿಗೆ ಬಂದಿದ್ದರು.

ಸಂಜೆ ಬಿಸಿಲು ಇಳಿದ ಮೇಲೆ ನಮ್ಮ ಕಟ್ಟೆಯ ಮೇಲೆ ಬುಟ್ಟಿ ಇಳಿಯಿತು. ಬಣ್ಣ ನೋಡಿ ಶರಣಮ್ಮನ ಮುಖ ಅರಳಿತು. ಅಷ್ಟರಲ್ಲಿ ಪದ್ಮಾಬಾಯಿ ಒಂದು ಗಾಜಿನ ಗ್ಲಾಸಿನಲ್ಲಿ ನೀರು ಹಿಡಿದುಕೊಂಡು ಬಂದರು.

"ಒಂದ್ ಟೆಸ್ಟ್ ಮಾಡಿಬಿಡೂಣ್ರಿ. ಈಗಿನ ಕಾಲದಾಗ ಯಾರನ್ನ ನಂಬೂದು?"

ಒಂದು ಚಿಟಿಕೆ ಬಿತ್ತು. ಖಾರ ತೇಲಿತು. ಕೆಂಪಗಿನ ಹರಳು ಸರ್ರನೆ ತಳಕ್ಕೆ ಹೋಗಿ ಕೂತಿತು.

"ಅಯ್ಯಯ್ಯೋ, ಇಟ್ಟಂಗಿ ಪುಡಿ!" ಪದ್ಮಾಬಾಯಿ ಕೂಗಿದ್ದು ಓಣಿಯ ಆ ತುದಿಗೂ ಕೇಳಿಸಿತು. ಬಾಗಿಲುಗಳು ತೆರೆದವು. ಕಟ್ಟೆಯ ಮುಂದೆ ಹೆಂಗಸರು ನೆರೆದರು.

"ಉಪ್ಪು ಯವ್ವಾ ಅದು! ಅಲ್ಲಾ ಕಸಂ, ಉಪ್ಪು!" ಎಂದಳು ಜುಬೇದಾ. "ವರ್ಷ ಇಡೂ ಖಾರಕ್ಕ ಉಪ್ಪು ಹಾಕ್ಲಿಲ್ಲಂದ್ರ ಹುಳ ಆಗ್ತಾವಲ್ರೀ."

"ಉಪ್ಪು ಹಾಕೂದು ನನಗೂ ಗೊತ್ತದ" ಎಂದರು ಶರಣಮ್ಮ. "ಆದ್ರ ಉಪ್ಪು ಬೆಳ್ಳಗ ಇರ್ತದವ್ವಾ. ಇದು ಕೆಂಪಗ ಅದ."

"ನೆಕ್ಕಿ ನೋಡ್ರಿ ಬೇಕಾದ್ರ. ಯಾರರ ಒಬ್ಬರು ನೆಕ್ಕಿ ನೋಡ್ರಿ."

ಯಾರೂ ಕೈ ಚಾಚಲಿಲ್ಲ. ಇಟ್ಟಿಗೆ ಪುಡಿಯನ್ನು ಯಾರು ಬಾಯಿಗೆ ಹಾಕಿಕೊಳ್ಳುತ್ತಾರೆ? (ಬೇರೆ ಕಾರಣವೂ ಇತ್ತು. ನಿಮಗೂ ಗೊತ್ತು, ನನಗೂ ಗೊತ್ತು. ಆದರೆ ಅವಳು ಕುಟ್ಟಿದ ಖಾರವನ್ನೇ ನಾವೆಲ್ಲ ದಿನಾ ಸಾರಿಗೆ ಹಾಕಿಕೊಂಡು ಉಣ್ಣುತ್ತಿರುವುದಲ್ಲವೇ?)

"ಅವ್ವಾ, ಗ್ಲಾಸ್ ಹಂಗೇ ಇಡಬೇಕು! ಕರಗ್ತದ ಅದು!" ಗಿರಿಜಾ ನನ್ನ ಸೆರಗು ಜಗ್ಗಿದಳು. "ಸುಮ್ನಿರಲೇ, ದೊಡ್ಡವರ ನಡಕ ಬಾಯಿ ಹಾಕಬ್ಯಾಡ" ಎಂದು ಯಾರೋ ಗದರಿದರು.

"ಹುಡುಗಿ ಹೇಳೂದು ಖರೇ ಅದ. ಸ್ವಲ್ಪ ತಡೀರಿ" ಎಂದೆ ನಾನು.

"ನೀವು ಹಂಗ ಅನ್ನೂದೇರಿ" ಎಂದರು ಪದ್ಮಾಬಾಯಿ. "ಗಿರಾಕಿ ತಂದವರು ನೀವೇ ಅಲ್ಲ?"

ಶರಣಮ್ಮ ಎದ್ದು ಚೀಲ ಹೆಗಲಿಗೆ ಹಾಕಿಕೊಂಡರು. "ಬಸ್ಸಿನ ಟೈಮ್ ಆತು. ಮದುವಿ ಮನಿ. ನಾಳೆ ಬೀಗರ ಹೊಟ್ಟಿ ಕೆಟ್ರ ಯಾರ ಹೆಸರು ಕೆಡ್ತದ? ಬ್ಯಾಡ್ರಿ, ನಾ ಬ್ಯಾರೆ ಕಡೆ ನೋಡ್ತೀನಿ."

ಜುಬೇದಾ ಬುಟ್ಟಿಯ ಅಂಚು ಹಿಡಿದು ನಿಂತಿದ್ದಳು. ಅಳಲಿಲ್ಲ. ಆಣೆ ಇಡುವುದನ್ನೂ ಬಿಟ್ಟಿದ್ದಳು. ಹೋಗುತ್ತಿರುವುದು ಒಂದು ಆರ್ಡರು ಮಾತ್ರ ಅಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಇಟ್ಟಿಗೆ ಪುಡಿಯ ಹೆಸರು ಒಮ್ಮೆ ಅಂಟಿದರೆ ನಾಳೆಯಿಂದ ಈ ಓಣಿಯ ಬಾಗಿಲೂ ತೆರೆಯುವುದಿಲ್ಲ.

ಗ್ಲಾಸಿನ ಉಪ್ಪು ಕರಗಲು ಇನ್ನೂ ಹೊತ್ತು ಬೇಕು. ಶರಣಮ್ಮ ಮೆಟ್ಟಿಲು ಇಳಿಯುತ್ತಿದ್ದಾರೆ.

ಅಂದು ಶನಿವಾರ ಎಂದೆನಲ್ಲ? ಶನಿವಾರ ನನಗೆ ಹನುಮಪ್ಪನ ಉಪವಾಸ. ಸೂರ್ಯ ಮುಳುಗಿ, ದೀಪ ಹಚ್ಚಿ, ನೈವೇದ್ಯ ಆಗುವ ತನಕ ಉಪ್ಪು ಮುಟ್ಟುವುದಿಲ್ಲ. ಮದುವೆಯಾಗಿ ಈ ಮನೆಗೆ ಬಂದಾಗಿನಿಂದ ತಪ್ಪಿಸಿಲ್ಲ. ಬಾಣಂತನದಲ್ಲಿ ಬಿಟ್ಟಿದ್ದೆ, ಅಷ್ಟೇ. ಇದು ಓಣಿಗೆಲ್ಲ ಗೊತ್ತು. ಶನಿವಾರ ಯಾರ ಮನೆಯ ಪೂಜೆಗೆ ಹೋದರೂ ನನ್ನ ಕೈಗೆ ಬರೀ ಬಾಳೆಹಣ್ಣು ಕೊಡುತ್ತಾರೆ.

ಬಹಳ ಯೋಚಿಸಲಿಲ್ಲ. ಗ್ಲಾಸಿಗೆ ಬೆರಳು ಇಳಿಸಿ, ತಳದ ಕೆಂಪನ್ನು ಒಂದಿಷ್ಟು ಎತ್ತಿ ನಾಲಿಗೆಯ ಮೇಲೆ ಇಟ್ಟುಕೊಂಡೆ.

"ಯವ್ವಾ, ಶನಿವಾರ!" ಅತ್ತೆ ಹೊಸ್ತಿಲ ಒಳಗಿನಿಂದ ಕೂಗಿದರು.

"ಉಪ್ಪು" ಎಂದೆ. ಖಾರಕ್ಕೆ ಕಣ್ಣಲ್ಲಿ ನೀರು ಬಂದಿತ್ತು. "ಬರೀ ಉಪ್ಪು. ಶರಣಮ್ಮ, ನನ್ನ ಉಪವಾಸ ಹೋತು. ಇನ್ನ ನಿಮ್ಮ ಬಸ್ಸೊಂದು ಹೋಗಲಿ. ಕೂಡ್ರಿ."

ಶರಣಮ್ಮನೂ ವಾರ, ವ್ರತ ಮಾಡುವವರೇ. ಅಲ್ಲೇ ನಿಂತು ನನ್ನ ಮುಖ ನೋಡಿದರು. ಆಮೇಲೆ ಹೆಗಲ ಚೀಲ ಇಳಿಸಿ, ತಿರುಗಿ ಬಂದು ಕಟ್ಟೆಯ ಮೇಲೆ ಕೂತರು. ಅವರು ಕೂತದ್ದನ್ನು ನೋಡಿ ಉಳಿದವರೂ ಕೂತರು. ಅತ್ತೆ ಎಲೆಯ ಡಬ್ಬಿ ಹಿಡಿದು ಹೊರಗೆ ಬಂದು ಕಂಬಕ್ಕೆ ಒರಗಿದರು. ಕಚೇರಿ ಶುರುವಾಯಿತು.

ಎಲ್ಲರೂ ಒಂದು ಗ್ಲಾಸನ್ನೇ ನೋಡುತ್ತ ಕೂತಿದ್ದೆವು. ಹರಳು ಸಣ್ಣದಾಯಿತು. ಇನ್ನೂ ಸಣ್ಣದಾಯಿತು. ಕೊನೆಗೆ ತಳದಲ್ಲಿ ಏನೂ ಉಳಿಯಲಿಲ್ಲ. ಗ್ಲಾಸಿನ ತಳದ ಗಾಜಿನ ಹೂವು ಚೆಂದಾಗಿ ಕಾಣಿಸಿತು. (ಆ ಗ್ಲಾಸು ಪದ್ಮಾಬಾಯಿಯವರದೇ. ಒಳ್ಳೆಯ ಸೆಟ್ಟು.)

"ನನ್ನ ಉಪವಾಸದ್ದು ಏನತ್ತಿ ಈಗ?" ಎಂದೆ ಮೆಲ್ಲಗೆ.

"ಏನಾಗೂದದ? ಮುಂಜಾನಿಂದ ಉಪವಾಸ ಇದ್ದಿದ್ದು ಹನುಮಪ್ಪಗ ಗೊತ್ತದ. ಉಪ್ಪು ಯಾಕ ಮುಟ್ಟಿದಿ ಅಂತನೂ ಗೊತ್ತದ. ಅವಗ ನಾವು ಬಿಡಿಸಿ ಹೇಳಬೇಕೇನು? ಹೋಗು, ದೀಪ ಹಚ್ಚು" ಎಂದರು ಅತ್ತೆ. ನಮ್ಮ ಮನೆಯಲ್ಲಿ ಅದೇ ಕೊನೆಯ ತೀರ್ಪು. ಮೇಲಿನ ಕೋರ್ಟಿಲ್ಲ.

ಶರಣಮ್ಮ ಖಾರ ಒಪ್ಪಿಕೊಂಡು, ಬುಟ್ಟಿಯಲ್ಲಿದ್ದುದನ್ನೆಲ್ಲ ತಮ್ಮ ಚೀಲಕ್ಕೆ ತುಂಬಿಕೊಂಡರು. ಹೋಗುವಾಗ ಜುಬೇದಾಳ ಕೈ ಹಿಡಿದು, "ತಪ್ಪು ತಿಳಕೋಬ್ಯಾಡವ್ವಾ. ನನ್ನ ಮಗಳ ಮದುವಿಗಿ ನೀನೂ ಬರಬೇಕು" ಎಂದರು.

"ಬರ್ತೀನ್ರವ್ವಾ" ಎಂದಳು ಜುಬೇದಾ. "ಅಲ್ಲಿ ಮಾತ್ರ ಯಾರೂ ಗ್ಲಾಸ್ ತರಬ್ಯಾಡ್ರಿ."

ಎಲ್ಲರೂ ನಕ್ಕರು. ಪದ್ಮಾಬಾಯಿಯೂ ನಕ್ಕರು. ಕೆಟ್ಟವರಲ್ಲ ಅವರು. ಅರ್ಧ ಆಟ ನೋಡಿ ಹಾಲು ಇಳಿಸಲು ಹೋಗಿದ್ದರು, ಅಷ್ಟೇ. ಆದರೆ ನಮ್ಮ ಇನ್ಸ್‌ಪೆಕ್ಟರ್ ನಗಲಿಲ್ಲ. ನೇರ ಅವರ ಮುಂದೆ ಹೋಗಿ ಕೈ ಒಡ್ಡಿ ನಿಂತಳು.

"ಪದ್ಮಕ್ಕ, ಸುಳ್ಳು ಕೇಸು. ಡಬಲ್ ಜುರ್ಮಾನಿ ಕೊಡ್ರಿ."

ಮತ್ತೆ ನಗು. ಪದ್ಮಾಬಾಯಿ ಒಳಗೆ ಹೋಗಿ ಬೊಗಸೆ ತುಂಬ ಹುಣಸೆ ಬೀಜ ತಂದು ಸುರಿದರು. ಗಿರಿಜಾ ಅದನ್ನು ತಾನು ಇಟ್ಟುಕೊಳ್ಳಲಿಲ್ಲ. ಜುಬೇದಾಳ ಖಾಲಿ ಬುಟ್ಟಿಗೆ ಹಾಕಿದಳು.

"ಇದನ್ನ ತಗೊಂಡು ನಾ ಏನ್ ಮಾಡ್ಲಿ ಬೇಟಾ?"

"ಅದು ನಿಮಗೇ ಸೇರಬೇಕ್ರಿ. ಅಜ್ಜಿ ರೂಲ್ ಅದ."

ಜುಬೇದಾ ಅವಳ ಗಲ್ಲ ಹಿಂಡಿ ಬುಟ್ಟಿ ಎತ್ತಿಕೊಂಡು ಹೋದಳು. ಅಂದು ರಾತ್ರಿ ದೇವರ ಮುಂದೆ ಕೂತು ಲೆಕ್ಕ ಹಾಕಿದೆ. ಬಸ್ಸು ತಪ್ಪಿದ್ದು ಒಂದು ಪುಣ್ಯ. ಮಕ್ಕಳು ಈ ಬೇಸಿಗೆಯಲ್ಲಿ ಬೇರೆ ಆಟ ಆಡದೆ ಇದನ್ನೇ ಆಡಿದ್ದು ಇನ್ನೊಂದು ಪುಣ್ಯ. ಆರ್ಡರು ಉಳಿಯಿತು, ಹೆಸರು ಉಳಿಯಿತು. ನಮ್ಮಂಥವರಿಗೆ ದೇವರು ಸಣ್ಣ ಸಣ್ಣ ಪೊಟ್ಟಣದಲ್ಲೇ ಕೊಡುವುದು. ಬಿಚ್ಚಿ ನೋಡಿಕೊಳ್ಳಬೇಕು. ಎಲ್ಲ ಸರಿಹೋಯಿತು ಎಂದು ನೆಮ್ಮದಿಯಿಂದ ಮಲಗಿದೆ.

ಈ ವಾರ ಜುಬೇದಾ ಎಂದಿನಂತೆ ಓಣಿಗೆ ಬಂದಳು. ಎಲ್ಲರೂ ಕರೆದರು, ಎಲ್ಲರೂ ಕೊಂಡರು. ಪದ್ಮಾಬಾಯಿಯಂತೂ ಯಾವತ್ತಿಗಿಂತ ಜಾಸ್ತಿಯೇ ತೆಗೆದುಕೊಂಡರು. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಬುಟ್ಟಿ ಇಳಿಸಿದ ಕೂಡಲೇ, ಯಾರೂ ಕೇಳದಿದ್ದರೂ, ಜುಬೇದಾ ಒಂದು ಚಿಟಿಕೆ ಖಾರ ತೆಗೆದು ಮೊದಲು ತನ್ನ ನಾಲಿಗೆಯ ಮೇಲೆ ಹಾಕಿಕೊಂಡು ತೋರಿಸುತ್ತಿದ್ದಳು. ಪ್ರತಿ ಮನೆಯ ಮುಂದೆ. ನನ್ನ ಮನೆಯ ಮುಂದೆಯೂ.

ಆ ಒಂದೊಂದು ಚಿಟಿಕೆಗೆ ಜುರ್ಮಾನೆ ಕಟ್ಟಲು ನಮ್ಮ ಹತ್ತಿರ ಹುಣಸೆ ಬೀಜ ಬಿಟ್ಟು ಬೇರೇನಿದೆ?